ಹಳೆಯ ಕನ್ನಡ ಟಿವಿಯನ್ನು ಕ್ಯಾಸೆಟ್‌ನಿಂದ ಉಳಿಸಿಕೊಳ್ಳುವುದು ಹೇಗೆ?

ಮನೆಯ ಅಟ್ಟದಲ್ಲಿ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳಿದ್ದರೆ, ಮೇಲೆ ಬರೆದ ಸಿನಿಮಾ ಹೆಸರು ನೋಡಿ ‘ಇದು ಯೂಟ್ಯೂಬಿನಲ್ಲೇ ಸಿಗುತ್ತದಲ್ಲ’ ಎಂದು ಎಸೆಯಬೇಡಿ. ಸಿನಿಮಾವೇನೋ ಸಿಗುತ್ತದೆ. ಅದಕ್ಕೂ ಮುಂಚೆ ನಿರೂಪಕಿ ಬಂದು ಆಡಿದ ಎರಡು ಮಾತು, ನಡುವೆ ಬಂದ ಬಟ್ಟೆ ಅಂಗಡಿಯ ಜಾಹೀರಾತು, ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ, ಕೊನೆಗೆ ಸಿಕ್ಕಿಕೊಂಡ ಅರ್ಧ ನಿಮಿಷದ ವಾರ್ತೆ ಬೇರೆಲ್ಲೂ ಸಿಗದಿರುವ ಸಂಭವವೇ ಹೆಚ್ಚು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದನ್ನೇ ಅಳಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಬಿಬಿಸಿಯಂಥ ದೊಡ್ಡ ಸಂಸ್ಥೆಯೇ 1960 ಮತ್ತು 70ರ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಹೀಗೆ ಕಳೆದುಕೊಂಡಿದೆ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬಾಕೆ 2012ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕಕ್ಕೂ ಹೆಚ್ಚು ಕಾಲ ಮನೆಯಲ್ಲೇ ಟಿವಿ ವಾರ್ತೆ ರೆಕಾರ್ಡ್ ಮಾಡಿ, ಸುಮಾರು 70 ಸಾವಿರ ಕ್ಯಾಸೆಟ್ ಬಿಟ್ಟುಹೋದರು. ಅಮೆರಿಕದ ಟಿವಿ ಚರಿತ್ರೆಗೆ ಇಂದು ಅದೊಂದು ಆಕರ. ನಮ್ಮ ಮನೆಗಳ ನಾಲ್ಕಾರು ಕ್ಯಾಸೆಟ್‌ಗಳಿಗೂ ಕನ್ನಡದ ಮಟ್ಟಿಗೆ ಅದೇ ಬೆಲೆಯಿದೆ.

ಮೊದಲು ಕ್ಯಾಸೆಟ್ ನೋಡಿ, ಹಾಕಬೇಡಿ

ಕೈಗೆತ್ತಿಕೊಂಡ ಕೂಡಲೇ ಮಾಡಬೇಕಾದ ಕೆಲಸ ಒಂದೇ. ಹೆಸರಿನ ಚೀಟಿ ಅಂಟಿಸುವ ಬದಿಯ ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ, ಅದನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಆ ಚೂರು ಇರುವವರೆಗೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಇದ್ದದ್ದೂ ಅಳಿಸಿಹೋಗುತ್ತದೆ. ಆ ಜಾಗಕ್ಕೆ ಯಾರೋ ಸೆಲೋಟೇಪ್ ಅಂಟಿಸಿದ್ದರೆ ಕಿತ್ತುಹಾಕಿ. ಬಳಿಕ ಪ್ರತಿ ಕ್ಯಾಸೆಟ್‌ಗೂ ಒಂದು ನಂಬರ್ ಕೊಟ್ಟು, ಚೀಟಿಯ ಎರಡೂ ಬದಿಯ ಫೋಟೊ ತೆಗೆದಿಡಿ. ಚೀಟಿಯಲ್ಲಿ ಹೊಡೆದುಹಾಕಿದ ಹೆಸರೂ ಮುಖ್ಯ, ಅದರ ತುಣುಕು ಟೇಪಿನ ಕೊನೆಯಲ್ಲಿ ಉಳಿದಿರಬಹುದು.

ಮುಂದೆ ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಹುಡಿಯಂತೆ ಚುಕ್ಕೆಗಳಿದ್ದರೆ ಅದು ಬೂಷ್ಟು. ಅಂಥದ್ದನ್ನು ಕ್ಯಾಸೆಟ್ ಓಡಿಸುವ ಯಂತ್ರವಾದ ವಿಸಿಆರ್‌ಗೆ ಹಾಕಲೇಬಾರದು. ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿ, ಮುಂದೆ ಹಾಕುವ ಎಲ್ಲ ಕ್ಯಾಸೆಟ್‌ಗೂ ಹರಡುತ್ತದೆ. ಬೇರೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಣಗಲು ಬಿಟ್ಟು, ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಬಯಲಿನಲ್ಲಿ ಒರೆಸಬೇಕು. ಕೈ ಪಳಗಿರದಿದ್ದರೆ ಇದನ್ನು ತಿಳಿದವರಿಗೆ ಬಿಡುವುದೇ ಲೇಸು. ಟೇಪಿನ ಲೇಪನ ತೇವ ಹೀರಿ ಅಂಟಂಟಾಗಿದ್ದರೆ ಓಡಿಸುವಾಗ ಕಿರ್ರೆಂದು ಸದ್ದು ಬರುತ್ತದೆ. ತಕ್ಷಣ ನಿಲ್ಲಿಸಿ. ಅಂಥ ಟೇಪನ್ನು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸಿ ಸರಿಮಾಡುವ ವಿಧಾನವಿದೆ, ಆದರೆ ಅದು ಪ್ರಯೋಗಾಲಯದ ಕೆಲಸ, ಮನೆಯ ಓವನ್‌ನದಲ್ಲ.

ವಿಸಿಆರ್ ತಯಾರಿ

ಜಪಾನಿನ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ತಯಾರಾಗುತ್ತಿಲ್ಲ. ಸಿಗುವುದೆಲ್ಲ ಹಳೆಯದೇ. ಪಾಲ್ ಎಂಬ ಬಣ್ಣದ ಪ್ರಸಾರ ಪದ್ಧತಿಯದ್ದನ್ನೇ ಹುಡುಕಿ, ನಮ್ಮ ದೇಶದ ಪ್ರಸಾರವೆಲ್ಲ ಪಾಲ್‌ನಲ್ಲೇ ಆದದ್ದು. ಎಸ್-ವಿಡಿಯೊ ಔಟ್‌ಪುಟ್ ಇರುವ ಎಸ್-ವಿಎಚ್‌ಎಸ್ ಯಂತ್ರ ಸಿಕ್ಕರೆ ಅದೃಷ್ಟ. ಬಣ್ಣ ಮತ್ತು ಬೆಳಕು ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಅಕ್ಷರಗಳ ಅಂಚಿನಲ್ಲಿ ಬಣ್ಣ ಕದಡುವುದಿಲ್ಲ.

ಹೆಡ್ಡುಗಳನ್ನು ಕೂರಿಸಿರುವ ತಿರುಗುವ ಉರುಳೆಯನ್ನು, ಅಂದರೆ ಹೆಡ್ ಡ್ರಮ್ಮನ್ನು, 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬೇಕು. ಪ್ಲಗ್ ಕಿತ್ತು ಮುಚ್ಚಳ ತೆಗೆಯಿರಿ. ನೂಲು ಬಿಡದ ಬಟ್ಟೆ ಅಥವಾ ಶಾಮ್ವಾ ಚರ್ಮದ ತುಂಡನ್ನು ಒದ್ದೆ ಮಾಡಿ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸಿ. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಕಳೆದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ ಹಾಕಿ ನೋಡಿ. ಅದು ಟೇಪ್ ತಿನ್ನದಿದ್ದರೆ ಮಾತ್ರ ನಿಮ್ಮ ಕ್ಯಾಸೆಟ್‌ನ ಸರದಿ.

ಕಂಪ್ಯೂಟರಿಗೆ ಇಳಿಸುವುದು

ವಿಸಿಆರ್‌ನಿಂದ ಬರುವ ಚಿತ್ರದ ಸಾಲುಗಳು ಸಮಯಕ್ಕೆ ಸರಿಯಾಗಿ ಬರುವುದಿಲ್ಲ, ಹಿಂದೆ ಮುಂದೆ ಆಗುತ್ತವೆ. ಹಳೆಯ ಟಿವಿ ಇದನ್ನು ಸಹಿಸಿಕೊಳ್ಳುತ್ತಿತ್ತು, ಕಂಪ್ಯೂಟರು ಸಹಿಸುವುದಿಲ್ಲ. ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿಯಲ್ಲಿ ಫ್ರೇಮ್ ಬಿಟ್ಟುಹೋಗುವುದು, ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದು ಹೆಚ್ಚಾಗಿ ಇದರಿಂದಲೇ. ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಈ ಓಲಾಟವನ್ನು ಸರಿಪಡಿಸುತ್ತದೆ. ಕೆಲವು ವಿಸಿಆರ್‌ಗಳಲ್ಲಿ ಅದು ಒಳಗೇ ಇರುತ್ತದೆ. ಇಲ್ಲದಿದ್ದರೆ ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ನಡುವೆ ಜೋಡಿಸಿ ಅದರ ಮೂಲಕ ಸಿಗ್ನಲ್ ಹಾಯಿಸಿ, ಕೆಲವು ಮಾದರಿಗಳಲ್ಲಿ ಇದೇ ಸಾಕಷ್ಟು ಕೆಲಸ ಮಾಡುತ್ತದೆ.

ಸೆಟ್ಟಿಂಗ್ ಹೀಗಿರಲಿ: ಪಾಲ್, 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ (ಫ್ರೇಮಿನ ಬೆಸ, ಸಮ ಸಾಲುಗಳು ಬೇರೆ ಬೇರೆಯಾಗಿ ಬರುವ ಬಗೆ), ಬಣ್ಣ 4:2:2, ಧ್ವನಿ 48 ಕಿಲೋಹರ್ಟ್ಸ್ ಪಿಸಿಎಂ. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ ಕ್ಯಾಪ್ಚರ್ ಸಾಧನ ಎನ್‌ಟಿಎಸ್‌ಸಿ ಎಂಬ ಅಮೆರಿಕದ ಪದ್ಧತಿಯಲ್ಲಿ ಕೂತಿದೆ ಎಂದೇ ಲೆಕ್ಕ. ಯಾವ ಸಂಕೋಚನೆಯೂ ಇಲ್ಲದೆ ಇಳಿಸಿದರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಎಫ್‌ಎಫ್‌ವಿ1 ಎಂಬ ಕೋಡೆಕ್ (ವಿಡಿಯೊ ಸಂಕೋಚಿಸುವ ವಿಧಾನ) ಬಳಸಿದರೆ ಗುಣಮಟ್ಟ ಎಳ್ಳಷ್ಟೂ ಕೆಡದೆ ಅದರ ಅರ್ಧಕ್ಕಿಂತ ಕಡಿಮೆ ಜಾಗ ಸಾಕು. ಇದು ಮೂಲಪ್ರತಿ. ನೋಡಲು, ಹಂಚಲು ಇದರಿಂದಲೇ ಬೇರೆ ಎಂಪಿ4 ಮಾಡಿಕೊಳ್ಳಿ, ಗಂಟೆಗೆ 2 ಜಿಬಿ ಸಾಕು. ಡಿಇಂಟರ್‌ಲೇಸ್ ಮಾಡುವುದು, ಅಂದರೆ ಆ ಬಿಡಿ ಸಾಲುಗಳಿಂದ ಪೂರ್ಣ ಫ್ರೇಮ್ ಮಾಡುವುದು, ಈ ಎಂಪಿ4 ಪ್ರತಿಯಲ್ಲಿ ಮಾತ್ರ, ಅದೂ ಸೆಕೆಂಡಿಗೆ 50 ಫ್ರೇಮ್ ಬರುವಂತೆ. 25ಕ್ಕೆ ಇಳಿಸಿದರೆ ನೃತ್ಯ, ಕ್ರಿಕೆಟ್ ಎಲ್ಲ ತಡವರಿಸುತ್ತವೆ.

ಕ್ಯಾಸೆಟ್ಟನ್ನು ಒಂದು ದಿನ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಿ. ಅಂಟಿನ ಲಕ್ಷಣ ಇಲ್ಲದಿದ್ದರೆ ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ರಿವೈಂಡ್ ಮಾಡಿ, ಸುರುಳಿ ಸಮನಾಗುತ್ತದೆ. ಪ್ಲೇ ಮಾಡಿದಾಗ ಪರದೆಯಲ್ಲಿ ಅಡ್ಡ ಗೆರೆಗಳು ಬಂದರೆ ಟ್ರ್ಯಾಕಿಂಗ್ (ಟೇಪಿನ ಗೆರೆಗೂ ಹೆಡ್ಡಿಗೂ ಇರುವ ಹೊಂದಿಕೆ) ಸರಿಮಾಡಿ. ಧ್ವನಿ ಗರಗರ ಎಂದರೆ ಹೈ-ಫೈ ಬಿಟ್ಟು ಮಾಮೂಲಿ ಮೋನೊ ಟ್ರ್ಯಾಕಿಗೆ ಬದಲಿಸಿ. ಹೈ-ಫೈ ಧ್ವನಿಯನ್ನು ಓದುವುದು ಡ್ರಮ್ಮಿನ ಹೆಡ್ಡೇ ಆದ್ದರಿಂದ ಟ್ರ್ಯಾಕಿಂಗ್ ತಪ್ಪಿದರೆ ಅದೂ ಹಾಳಾಗುತ್ತದೆ. ಮೋನೊ ಟ್ರ್ಯಾಕ್ ಟೇಪಿನ ಅಂಚಿನಲ್ಲಿ ಬೇರೆಯೇ ಇರುತ್ತದೆ. ಚಿತ್ರದ ಕೆಳಗಿನ ಕೆಲವು ಸಾಲುಗಳ ಗಲಿಬಿಲಿ ಸಹಜ, ಮೂಲಪ್ರತಿಯಲ್ಲಿ ಅದನ್ನು ಕತ್ತರಿಸುವುದು ಬೇಡ.

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊದಲ ಸೆಕೆಂಡಿನಿಂದ ಟೇಪು ಮುಗಿಯುವವರೆಗೆ ಪೂರ್ತಿ ಇಳಿಸಿ. ‘ಉಪಯೋಗವಿಲ್ಲ’ ಎಂದು ಜಾಹೀರಾತು ಕತ್ತರಿಸಿದ ಪ್ರತಿಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಸಿನಿಮಾ ಮುಗಿದರೂ ಎದ್ದು ನಿಲ್ಲಿಸಲು ಮರೆತ ಮನೆಯವರಿಂದಲೇ ನಮಗೆ ‘ಮುಂದಿನ ಕಾರ್ಯಕ್ರಮ’ದ ಪ್ರಕಟಣೆ ಸಿಕ್ಕಿರುವುದು. ಟೇಪಿನ ನಡುವೆ ಖಾಲಿ ಜಾಗದ ಮಳೆಚುಕ್ಕೆ ಬಂದು ಕ್ಯಾಪ್ಚರ್ ನಿಂತುಹೋದರೆ, ಟೇಪು ಮುಗಿಯಿತೆಂದು ತಿಳಿಯದೆ ಮುಂದೆ ಓಡಿಸಿ ನೋಡಿ.

ತಾರೀಖು ಕಂಡುಹಿಡಿಯುವ ಬಗೆ

ದಿನ ಗೊತ್ತಿಲ್ಲದ ತುಣುಕು ಸಂಶೋಧಕರಿಗೆ ಅರ್ಧವೇ ಉಪಯೋಗ. ಮೊದಲು ಚಾನೆಲ್ಲಿನ ಗುರುತು ನೋಡಿ. ದೂರದರ್ಶನದಲ್ಲಿ ಬಣ್ಣ ಬಂದದ್ದು 1982ರಲ್ಲಿ. ಉದಯ ಟಿವಿ ಶುರುವಾದದ್ದು 1994ರಲ್ಲಿ. ಈಟಿವಿ ಕನ್ನಡ 2000ದಲ್ಲಿ ಬಂದು 2015ರಲ್ಲಿ ಕಲರ್ಸ್ ಕನ್ನಡವಾಯಿತು. ಜೀ ಕನ್ನಡ 2006ರದು. ಹೀಗೆ ಹಿಂದಿನ ಎಲ್ಲೆ, ಮುಂದಿನ ಎಲ್ಲೆ ಸಿಗುತ್ತದೆ. ಆಮೇಲೆ ಒಳಗಿನ ಸುಳಿವುಗಳಿಗೆ ಬನ್ನಿ: ಹೊಸ ಸಿನಿಮಾದ ಜಾಹೀರಾತು, ಕ್ರಿಕೆಟ್ ಸ್ಕೋರು, ಹಬ್ಬದ ಶುಭಾಶಯ, ಸೋಪಿನ ಬೆಲೆ, ದೂರವಾಣಿ ನಂಬರಿನ ಅಂಕಿಗಳ ಸಂಖ್ಯೆ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಆ ಕಾಲದ ದಿನಪತ್ರಿಕೆಯ ‘ಇಂದಿನ ಟಿವಿ’ ಅಂಕಣ. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ತೆಗೆಸಿ, ಟೇಪಿನಲ್ಲಿ ಒಂದರ ಹಿಂದೆ ಒಂದು ಬರುವ ಮೂರು ಕಾರ್ಯಕ್ರಮಗಳ ಸರಣಿಯನ್ನು ಹೊಂದಿಸಿ ನೋಡಿ. ಒಂದೇ ಕಾರ್ಯಕ್ರಮ ನಂಬಿದರೆ ಮರುಪ್ರಸಾರದ ದಿನಕ್ಕೆ ಗಂಟು ಹಾಕಿಬಿಡುವ ಅಪಾಯವಿದೆ, ಮೂರೂ ಅದೇ ಕ್ರಮದಲ್ಲಿ ಹೊಂದಿದರೆ ಅನುಮಾನವಿಲ್ಲ. ಖಚಿತವಾಗದಿದ್ದರೆ ಊಹಿಸಿ ದಿನ ಬರೆಯಬೇಡಿ. ‘1994ರ ನಂತರ, 2000ಕ್ಕೆ ಮೊದಲು, ಇಂಥ ಜಾಹೀರಾತಿನ ಆಧಾರದಿಂದ’ ಎಂದು ಕಾರಣ ಸಮೇತ ಬರೆಯಿರಿ.

ಕ್ಯಾಸೆಟ್ ನಂಬರ್, ಆರಂಭ ಮತ್ತು ಅಂತ್ಯದ ಸಮಯ, ಚಾನೆಲ್, ವಿವರ, ದಿನ, ದಿನಕ್ಕೆ ಆಧಾರ, ಕಾಣುವ ವ್ಯಕ್ತಿಗಳು ಎಂದು ಒಂದು ಸ್ಪ್ರೆಡ್‌ಶೀಟ್ ಸಾಕು. ಫೈಲಿನ ಹೆಸರನ್ನು ರೋಮನ್ ಲಿಪಿಯಲ್ಲಿ ಚಿಕ್ಕದಾಗಿಡಿ. ಕನ್ನಡದ ವಿವರವೆಲ್ಲ ಪಟ್ಟಿಯಲ್ಲಿರಲಿ, ಏಕೆಂದರೆ ಕೆಲವು ತಂತ್ರಾಂಶಗಳು ಕನ್ನಡದ ಫೈಲ್ ಹೆಸರು ಕಂಡರೆ ಎಡವುತ್ತವೆ.

ನೆನಪುಗಳನ್ನೂ ರೆಕಾರ್ಡ್ ಮಾಡಿ

ಎಪ್ಪತ್ತರ ದಶಕದ ಬಹುಪಾಲು ಟೇಪಿನಲ್ಲಿ ಸಿಗುವುದಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ಸೈಟ್ ಎಂದು ಕರೆದ ಆ ಪ್ರಯೋಗದಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಆಗ ಊರಿನ ಸೆಟ್ಟಿನ ಮುಂದೆ ಕೂತು ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ನಿರೂಪಕರು, ಕ್ಯಾಮೆರಾದವರು, ಟ್ರಾನ್ಸ್‌ಮಿಟರ್ ನೋಡಿಕೊಂಡವರು, ಆಂಟೆನಾ ಕಟ್ಟಿದವರು, ಮೊದಲ ಕೇಬಲ್ ಆಪರೇಟರುಗಳು, ಎಲ್ಲರೂ ಈ ಚರಿತ್ರೆಯ ಭಾಗವೇ. ತಡಮಾಡದೆ ಹಿರಿಯರಿಂದ ಶುರುಮಾಡಿ.

‘ಆ ದಿನಗಳು ಹೇಗಿದ್ದವು’ ಎಂದು ಕೇಳಿದರೆ ‘ಬಹಳ ಚೆನ್ನಾಗಿದ್ದವು’ ಎಂಬುದಷ್ಟೇ ಉತ್ತರ. ಒಂದು ಪಾಳಿ ಶುರುವಾದದ್ದು ಎಷ್ಟು ಗಂಟೆಗೆ, ಮೊದಲು ಯಾವ ಸ್ವಿಚ್ ಹಾಕುತ್ತಿದ್ದಿರಿ, ಕರೆಂಟ್ ಹೋದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಇಳಿಸಿಕೊಂಡ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಹೆಸರುಗಳು ತಾವಾಗಿಯೇ ನೆನಪಿಗೆ ಬರುತ್ತವೆ. ಮೈಕು ಬಾಯಿಯಿಂದ ಒಂದು ಗೇಣು ದೂರವಿರಲಿ, ಫ್ಯಾನ್ ಆರಿಸಿ, ಫೋನು ಏರ್‌ಪ್ಲೇನ್ ಮೋಡಿನಲ್ಲಿರಲಿ. ಧ್ವನಿಯನ್ನು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಉಳಿಸಿ. ಎಲ್ಲಿ, ಯಾರಿಗೆ ಕೇಳಿಸಬಹುದು ಎಂಬ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವರಲ್ಲಿ ಕ್ಯೂ ಶೀಟು (ಕಾರ್ಯಕ್ರಮದ ಕ್ರಮ ಬರೆದ ಹಾಳೆ), ವೀಕ್ಷಕರ ಪತ್ರ, ಸ್ಟುಡಿಯೊ ಫೋಟೊ ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ ಮೂಲವನ್ನು ವಾಪಸ್ ಕೊಟ್ಟುಬಿಡಿ.

ಪ್ರತಿಗಳು, ಕಾನೂನು, ಕ್ಯಾಸೆಟ್

ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದಿಟ್ಟು ವರ್ಷಕ್ಕೊಮ್ಮೆ ಹೋಲಿಸಿದರೆ, ಯಾವ ಪ್ರತಿ ಸದ್ದಿಲ್ಲದೆ ಕೆಟ್ಟಿದೆ ಎಂದು ತಿಳಿಯುತ್ತದೆ. ಯೂಟ್ಯೂಬ್ ತನ್ನದೇ ರೀತಿ ಸಂಕೋಚಿಸುವುದರಿಂದ ಅದು ಸಂಗ್ರಹವಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಸಾರ ಸಂಸ್ಥೆಯ ಹಕ್ಕು 25 ವರ್ಷ. ಆದರೆ ಅದರೊಳಗಿನ ಸಿನಿಮಾ, ಹಾಡು, ನಾಟಕಗಳ ಹಕ್ಕು ಬೇರೆ, ಸಿನಿಮಾಕ್ಕೆ 60 ವರ್ಷ. ಆದ್ದರಿಂದ ಸಾರ್ವಜನಿಕವಾಗಿ ಹಾಕುವ ಮೊದಲು ಹಕ್ಕುದಾರರನ್ನು ಕೇಳಬೇಕು. ದೂರದರ್ಶನದ ಅಪರೂಪದ ತುಣುಕಾದರೆ ಪ್ರಸಾರ ಭಾರತಿಯ ಆರ್ಕೈವ್ಸ್ ವಿಭಾಗಕ್ಕೆ ಬರೆದು ತಿಳಿಸಿ.

ಇಳಿಸಿಯಾದ ಮೇಲೆ ಕ್ಯಾಸೆಟ್ ಎಸೆಯಬೇಡಿ. ವಿಸಿಆರ್ ಹೆಡ್ಡಿನ ಸಿಗ್ನಲ್ಲನ್ನೇ ನೇರವಾಗಿ ಹಿಡಿದು ತಂತ್ರಾಂಶದಲ್ಲಿ ಚಿತ್ರ ಬಿಡಿಸುವ ವಿಎಚ್‌ಎಸ್-ಡಿಕೋಡ್ ಎಂಬ ವಿಧಾನ ಈಗಾಗಲೇ ಬಂದಿದ್ದು, ಅದೇ ಟೇಪಿನಿಂದ ಇನ್ನೂ ಒಳ್ಳೆಯ ಪ್ರತಿ ತೆಗೆಯಲು ಸಾಧ್ಯವಿದೆ. ಪೂರ್ತಿ ರಿವೈಂಡ್ ಮಾಡಿ, ಡಬ್ಬಿಗೆ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಣ, ತಂಪಾದ ಬೀರುವೇ ಇದಕ್ಕೆ ಜಾಗ, ಅಟ್ಟವಲ್ಲ, ಸ್ಪೀಕರಿನ ಪಕ್ಕವೂ ಅಲ್ಲ.