ಶಾಲೆಯ ಕುದುರೆ ಲಾಯದಲ್ಲಿ ವಸತಿಸಹಿತ ಕೆಲಸ: ಒಪ್ಪಿಕೊಳ್ಳುವ ಮುನ್ನ

ದೂರದ ಖಾಸಗಿ ವಸತಿ ಶಾಲೆಯೊಂದರ ಕುದುರೆ ಲಾಯಕ್ಕೆ ಜನ ಬೇಕಾಗಿದ್ದಾರೆ, ಊಟ ಮತ್ತು ಮನೆ ಉಚಿತ ಎಂಬ ಸುದ್ದಿ ಶಿರಸಿ, ಕುಮಟಾ, ಕಾರವಾರದ ಕಡೆಯ ತರುಣರಿಗೆ ಪರಿಚಿತರ ಮೂಲಕ ಆಗಾಗ ತಲುಪುತ್ತದೆ. ಬಾಡಿಗೆ ಕೊಡಬೇಕಿಲ್ಲ, ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂರಬೇಕಿಲ್ಲ, ಪ್ರಾಣಿಗಳ ನಡುವೆ ಬದುಕಬಹುದು ಎಂಬ ಮೂರೂ ಆಕರ್ಷಣೆಗಳು ನಿಜವಾದವೇ. ಇಂಥ ಎರಡು ಶಾಲೆಗಳಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳಿದವನಾಗಿ ನಾನು ಯಾರನ್ನೂ ಈ ಕೆಲಸದಿಂದ ಹಿಂದೆಗೆಯುವಂತೆ ಮಾಡಲು ಬಯಸುವುದಿಲ್ಲ. ಆದರೆ ಮನೆ, ಕೆಲಸ, ಊಟ ಮೂರೂ ಒಬ್ಬರದೇ ಕೈಯಲ್ಲಿರುವಾಗ ಮೊದಲೇ ಕೇಳದೆ ಬಿಟ್ಟ ಪ್ರಶ್ನೆಯನ್ನು ಆಮೇಲೆ ಕೇಳುವುದು ಬಹಳ ಕಷ್ಟವಾಗುತ್ತದೆ ಎಂಬುದನ್ನು ಅನುಭವದಿಂದ ಬಲ್ಲೆ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಸಂಬಳವನ್ನಲ್ಲ. ನಾನು ಇಲ್ಲದ ದಿನ ಕುದುರೆಗಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು. ಶಾಲೆಗೆ ದಸರಾ ರಜೆ, ಬೇಸಿಗೆ ರಜೆ ಇರುತ್ತದೆ; ಕುದುರೆಯ ಹೊಟ್ಟೆಗೆ ಮತ್ತು ಗೊರಸಿಗೆ ರಜೆಯಿಲ್ಲ. ಮಕ್ಕಳು, ಶಿಕ್ಷಕರು, ಅಡುಗೆಯವರು ಎಲ್ಲರೂ ಊರಿಗೆ ಹೋದ ಮೇಲೆ ಖಾಲಿ ಆವರಣದಲ್ಲಿ ಉಳಿಯುವವರು ಕಾವಲುಗಾರ ಮತ್ತು ಲಾಯದವನು ಮಾತ್ರ. ನಮ್ಮ ಕಡೆಯವರಿಗೆ ದೀಪಾವಳಿಯ ಗೋಪೂಜೆಗೆ ಮನೆಯಲ್ಲಿರಬೇಕೆಂಬ ಆಸೆಯಿರುತ್ತದೆ, ಅಡಿಕೆ ತೋಟವಿದ್ದರೆ ಗೊನೆ ಕೊಯ್ಲಿನ ಹೊತ್ತಿಗೆ ಕೈ ಬೇಕಾಗುತ್ತದೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯನ್ನು ತಪ್ಪಿಸಿಕೊಳ್ಳಲು ಮನಸ್ಸಾಗುವುದಿಲ್ಲ. ಆದ್ದರಿಂದ ವಾರದ ರಜೆ ಯಾವ ದಿನ, ಅಂದು ಬದಲಿಗೆ ಬರುವವರು ಯಾರು, ಅವರಿಗೆ ಕುದುರೆಯ ಕೆಲಸ ನಿಜವಾಗಿ ಗೊತ್ತಿದೆಯೇ, ವರ್ಷಕ್ಕೆ ಒಟ್ಟಿಗೆ ಎಷ್ಟು ದಿನ ಊರಿಗೆ ಹೋಗಬಹುದು ಎಂಬುದನ್ನು ಹೆಸರು ಹಿಡಿದು ಕೇಳಿ. ‘ಹೊಂದಾಣಿಕೆ ಮಾಡಿಕೊಳ್ಳೋಣ’ ಎಂಬುದಷ್ಟೇ ಉತ್ತರವಾದರೆ ಬದಲಿ ಮನುಷ್ಯನಿಲ್ಲ ಎಂದೇ ತಿಳಿಯಬೇಕು. ಪ್ರಯಾಣವನ್ನೂ ಈ ಲೆಕ್ಕಕ್ಕೆ ಸೇರಿಸಿ: ಕಾರವಾರ, ಅಂಕೋಲಾ, ಕುಮಟಾದವರಿಗೆ ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಶಿರಸಿಗೆ ರೈಲಿಲ್ಲ, ರಾತ್ರಿ ಬಸ್ಸೇ ಗತಿ. ಶಾಲೆ ಊಟಿಯಲ್ಲೋ ಅಜ್ಮೀರದಲ್ಲೋ ಇದ್ದರೆ ಎರಡು ದಿನಗಳ ರಜೆ ದಾರಿಯಲ್ಲಿಯೇ ಮುಗಿಯುತ್ತದೆ.

ಕೊಟ್ಟಿಗೆಯಲ್ಲಿ ಬೆಳೆದವರಿಗೆ ಈ ಕೆಲಸದಲ್ಲಿ ದೊಡ್ಡ ಅನುಕೂಲವೂ ಇದೆ, ಒಂದು ಅಪಾಯವೂ ಇದೆ. ಬೆಳಿಗ್ಗೆ ಏಳುವ ಅಭ್ಯಾಸ, ಸಗಣಿ ಬಾಚುವುದಕ್ಕೆ ಹೇಸದಿರುವುದು, ಪ್ರಾಣಿಯ ಕಣ್ಣು ನೋಡಿಯೇ ಅದರ ಆರೋಗ್ಯವನ್ನು ಊಹಿಸುವ ಕೌಶಲ ಇವೆಲ್ಲ ಲಾಯದಲ್ಲಿ ಹಾಗೆಯೇ ಉಪಯೋಗಕ್ಕೆ ಬರುತ್ತವೆ. ಅಪಾಯವೆಂದರೆ ಕುದುರೆಯನ್ನು ಹಸುವಿನಂತೆ ನೋಡಿಕೊಳ್ಳುವುದು. ಹಸು ಮೆಲುಕು ಹಾಕುವ ಪ್ರಾಣಿ, ಅದರ ದೊಡ್ಡ ಹೊಟ್ಟೆ ಬಹಳಷ್ಟನ್ನು ಸಹಿಸಿಕೊಳ್ಳುತ್ತದೆ. ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ತೀರ ಚಿಕ್ಕದು, ಸುಮಾರು 8ರಿಂದ 15 ಲೀಟರ್ ಮಾತ್ರ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಹುರುಳಿ, ಬಾರ್ಲಿ, ಬೂಸಾಗಳನ್ನು ಒಂದೇ ಹೊತ್ತಿಗೆ ಬುಟ್ಟಿ ತುಂಬ ಸುರಿಯದೆ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು, ಹುಲ್ಲು ಮಾತ್ರ ಹೆಚ್ಚುಕಡಿಮೆ ಸದಾ ಮುಂದಿರಬೇಕು. 400 ಕಿಲೋ ತೂಕದ ಕುದುರೆಗೆ ದಿನಕ್ಕೆ ಏಳೆಂಟು ಕಿಲೋ ಒಣ ಹುಲ್ಲು ಮತ್ತು 25ರಿಂದ 45 ಲೀಟರ್ ನೀರು ಬೇಕಾಗುತ್ತದೆ. ಮಳೆಗೆ ನೆನೆದು ಬೂಷ್ಟು ಹಿಡಿದ ಹುಲ್ಲನ್ನು ಕೊಡಲೇಬಾರದು; ಅದು ಹೊಟ್ಟೆಯನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಕೆಲವು ಕೋಳಿ ಮತ್ತು ಜಾನುವಾರು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ, ಹಸುವಿಗೆ ಏನೂ ಮಾಡದಷ್ಟು ಪ್ರಮಾಣದಲ್ಲಿಯೇ ಕುದುರೆಯ ಹೃದಯದ ಸ್ನಾಯುಗಳನ್ನು ಹಾಳುಗೆಡವಿ ಅದನ್ನು ಕೊಲ್ಲಬಲ್ಲದು. ಶಾಲೆಯಲ್ಲಿ ಹಸುಗಳೂ ಇದ್ದು ಎರಡರ ಮೇವಿನ ಚೀಲಗಳನ್ನು ಒಂದೇ ಕೋಣೆಯಲ್ಲಿ ಇಟ್ಟಿದ್ದರೆ ಅದು ನೀವು ಮೊದಲ ದಿನವೇ ಮಾತಾಡಬೇಕಾದ ವಿಷಯ.

ಹತ್ತಿರ ಹೋಗುವ ರೀತಿಯೂ ಬೇರೆ. ಕುದುರೆಗೆ ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ. ಆದ್ದರಿಂದ ಮಾತಾಡಿಸುತ್ತ ಎಡ ಭುಜದ ಕಡೆಯಿಂದ ಹೋಗಬೇಕು, ಹಿಂದಿನಿಂದ ದಾಟುವಾಗ ಒಂದೋ ಮೈಗೆ ತಾಗಿಕೊಂಡು ಕೈಯಿಟ್ಟು ಸಾಗಬೇಕು, ಇಲ್ಲವೇ ಒದೆತಕ್ಕೆ ಸಿಗದಷ್ಟು ದೂರದಿಂದ ಸುತ್ತಬೇಕು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ಎಂದೂ ನಡೆಸಬಾರದು. ಕೆಲಸಕ್ಕೆ ಹೊರಡುವ ಮುನ್ನ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ.

ದೂರವಾಣಿಯಲ್ಲಿ ಎಷ್ಟೇ ಒಳ್ಳೆಯ ಮಾತು ನಡೆದಿದ್ದರೂ ಸ್ಥಳವನ್ನು ಕಣ್ಣಾರೆ ನೋಡದೆ ಒಪ್ಪಬೇಡಿ. ನೋಡುವುದೆಂದರೆ ಹನ್ನೊಂದು ಗಂಟೆಗೆ ಕಚೇರಿಯಲ್ಲಿ ಚಹಾ ಕುಡಿದು ಲಾಯದ ಮುಂದೆ ಹಾದುಬರುವುದಲ್ಲ. ಹಿಂದಿನ ರಾತ್ರಿ ಅಲ್ಲಿಯೇ ಉಳಿಯಲು ಅನುಮತಿ ಪಡೆದು ಬೆಳಿಗ್ಗೆ ಐದೂವರೆಗೆ ಲಾಯದಲ್ಲಿ ನಿಂತುಕೊಳ್ಳುವುದು. ಒಂದೊಂದು ಕುದುರೆಗೆ ಸುಮಾರು 12 ಅಡಿ ಉದ್ದ, 12 ಅಡಿ ಅಗಲದ ಜಾಗವಿದೆಯೇ, ಮಲಗುವ ನೆಲ ಒಣಗಿದೆಯೇ, ಮೂತ್ರದ ಘಾಟು ಕಣ್ಣಿಗೆ ಹತ್ತುತ್ತದೆಯೇ, ನೀರಿನ ತೊಟ್ಟಿಯ ತಳದಲ್ಲಿ ಪಾಚಿಯಿದೆಯೇ ಎಂದು ನೋಡಿ. ಪಕ್ಕೆಲುಬುಗಳು ಕಣ್ಣಿಗೆ ಕಾಣದೆ ಕೈಗೆ ಸಿಗುವಂತಿದ್ದರೆ ಮೈಕಟ್ಟು ಸರಿಯಿದೆ. ಜೀನು ಕೂರುವ ಜಾಗದಲ್ಲಿ ಬಿಳಿ ಕೂದಲ ಮಚ್ಚೆಗಳೋ ಹುಣ್ಣುಗಳೋ ಇದ್ದರೆ ಆ ಜೀನು ಬಹುಕಾಲದಿಂದ ಹೊಂದದೆ ಉಜ್ಜಿದೆ ಎಂದರ್ಥ. ಒಂದು ಕಾಲನ್ನು ಎತ್ತಿಸಿ ಗೊರಸಿನ ಅಡಿಯನ್ನೂ ನೋಡಿ. ಅಲ್ಲಿಯ ಮೃದುಭಾಗದ ಸಂದಿನಲ್ಲಿ ಕಪ್ಪಾದ, ದುರ್ವಾಸನೆಯ ಕೊಳೆತವಿದ್ದರೆ ದಿನವೂ ಗೊರಸಿನ ಕೊಳೆ ತೆಗೆದು ಶುಚಿ ಮಾಡುವ ಪರಿಪಾಠ ಅಲ್ಲಿಲ್ಲ. ಲಾಳ ಕಟ್ಟುವವನು ಆರರಿಂದ ಎಂಟು ವಾರಕ್ಕೊಮ್ಮೆ ಬರಬೇಕು. ಕಳೆದ ಬಾರಿ ಬಂದದ್ದು ಯಾವಾಗ ಎಂದು ಕಚೇರಿಯವರನ್ನು ಕೇಳದೆ ಲಾಯದ ಹಳಬರನ್ನು ಕೇಳಿ. ಜೊತೆಗೆ ಒಬ್ಬರಿಗೆ ಎಷ್ಟು ಕುದುರೆ ಎಂಬುದನ್ನು ಎಣಿಸಿ. ಮೂರು, ಹೆಚ್ಚೆಂದರೆ ನಾಲ್ಕು ಎಂಬುದು ನನ್ನ ಅಭಿಪ್ರಾಯ. ಆರೇಳು ಕುದುರೆಗಳನ್ನು ಒಬ್ಬನೇ ನೋಡಿಕೊಳ್ಳಬೇಕೆಂದರೆ ಮೈ ತಿಕ್ಕುವುದೂ ಗೊರಸು ನೋಡುವುದೂ ದಿನ ಬಿಟ್ಟು ದಿನಕ್ಕೆ ಸರಿಯುತ್ತದೆ, ಮತ್ತು ದೂರು ಬರುವುದು ನಿಮ್ಮ ಮೇಲೆಯೇ.

ಶಾಲೆ ನಮ್ಮ ಕರಾವಳಿಯಲ್ಲಿಯೇ ಇದ್ದರೆ ಮಳೆಗಾಲದ ಪ್ರಶ್ನೆಯನ್ನು ಬೇರೆಯಾಗಿ ಕೇಳಬೇಕು. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿಯೇ ಆದರೂ, ಅವು ಇಲ್ಲಿ ನಿಲ್ಲದೆ ಘಟ್ಟ ಹತ್ತಿ ಒಣ ಸೀಮೆಗೆ ಹೋಗುತ್ತಿದ್ದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗದ ಈ ಜಾಗದಲ್ಲಿ ಕುದುರೆಗಳನ್ನು ದಿನಕ್ಕೆ ಎಷ್ಟು ಹೊತ್ತು ಹೊರಗೆ ನಡೆಸುತ್ತೀರಿ, ಚಾವಣಿಯಿರುವ ಅಂಗಳವಿದೆಯೇ, ಒಣ ಹುಲ್ಲನ್ನು ನೆಲದಿಂದ ಎತ್ತರದ ಅಟ್ಟದಲ್ಲಿ ಇಟ್ಟಿದ್ದೀರಾ ಎಂಬುದಕ್ಕೆ ಸ್ಪಷ್ಟ ಉತ್ತರ ಬೇಕು. ಬೆಟ್ಟದ ಕರಡ ಹುಲ್ಲು ಚೆನ್ನಾಗಿ ಒಣಗಿದ್ದರೆ ಮೇವಿಗೆ ಆಗುತ್ತದೆ. ಸೊಪ್ಪು, ದರಕು (ಒಣಗಿದ ಎಲೆ) ಹಾಸುವ ನಮ್ಮ ಕೊಟ್ಟಿಗೆಯ ಪದ್ಧತಿ ಮಾತ್ರ ಲಾಯಕ್ಕೆ ಆಗದು, ಏಕೆಂದರೆ ಕುದುರೆ ಹಾಸಿದ್ದನ್ನೂ ತಿನ್ನುತ್ತದೆ. ಸಮುದ್ರದ ಬಳಿಯ ಮರಳು ನೆಲದಲ್ಲಿ ಮೇವನ್ನು ನೆಲಕ್ಕೇ ಹಾಕಿದರೆ ಹುಲ್ಲಿನೊಂದಿಗೆ ಮರಳೂ ಹೊಟ್ಟೆ ಸೇರಿ ಶೂಲೆ, ಅಂದರೆ ತೀವ್ರ ಹೊಟ್ಟೆನೋವು, ಬರುತ್ತದೆ.

ಶೂಲೆಯ ಮಾತು ಬಂದದ್ದರಿಂದ ನನ್ನ ಮೊದಲ ಶಾಲೆಯ ಒಂದು ರಾತ್ರಿಯನ್ನು ಹೇಳಬೇಕು. ಶನಿವಾರ ರಾತ್ರಿ ಹನ್ನೊಂದಕ್ಕೆ ಕೊನೆಯ ಸುತ್ತು ಹೋದಾಗ ವಯಸ್ಸಾದ ಹೆಣ್ಣು ಕುದುರೆಯೊಂದು ಮೇವು ಮುಟ್ಟದೆ ಮುಂಗಾಲಿನಿಂದ ನೆಲ ಕೆರೆಯುತ್ತ, ಮತ್ತೆಮತ್ತೆ ತನ್ನ ಹೊಟ್ಟೆಯ ಕಡೆಗೆ ತಿರುಗಿ ನೋಡುತ್ತ, ಮಲಗುತ್ತ, ಏಳುತ್ತ ಇತ್ತು. ಸಂಜೆಯಿಂದ ಲದ್ದಿ ಹಾಕಿರಲಿಲ್ಲ. ನಿಮಿಷಕ್ಕೆ ನಲವತ್ತರ ಒಳಗೆ ಇರಬೇಕಾದ ನಾಡಿ ಅರವತ್ತು ದಾಟಿತ್ತು. ವೈದ್ಯರನ್ನು ಕರೆಸಲು ಆಡಳಿತಾಧಿಕಾರಿಯ ಒಪ್ಪಿಗೆ ಬೇಕೆಂಬ ನಿಯಮವಿತ್ತು. ಅವರ ದೂರವಾಣಿ ಸ್ಥಗಿತವಾಗಿತ್ತು. ಒಂದು ಗಂಟೆ ಕಾದು, ಕೊನೆಗೆ ನಾನೇ ವೈದ್ಯರಿಗೆ ಕರೆ ಮಾಡಿದೆ. ಅವರು ಎರಡು ಗಂಟೆಗೆ ಬಂದರು, ಕುದುರೆ ಬದುಕಿತು. ಆದರೆ ವೈದ್ಯರ ಶುಲ್ಕವನ್ನು ನನ್ನ ಸಂಬಳದಲ್ಲಿ ಹಿಡಿಯುವುದಾಗಿ ಶಾಲೆಯವರು ತಿಂಗಳ ಕೊನೆಯಲ್ಲಿ ಹೇಳಿದರು. ಆ ಹಣಕ್ಕಿಂತ ಕಾದು ಕುಳಿತ ಆ ಒಂದು ಗಂಟೆ ನನ್ನನ್ನು ಇಂದಿಗೂ ನೋಯಿಸುತ್ತದೆ. ಆದ್ದರಿಂದ ರಾತ್ರಿ ಹೊತ್ತಿನಲ್ಲಿ ಯಾರ ಅಪ್ಪಣೆಯನ್ನೂ ಕಾಯದೆ ವೈದ್ಯರನ್ನು ಕರೆಸುವ ಅಧಿಕಾರ ಲಾಯದವನಿಗಿದೆ, ವೆಚ್ಚ ಶಾಲೆಯದು ಎಂಬ ಎರಡು ಸಾಲುಗಳನ್ನು ನೇಮಕಪತ್ರದಲ್ಲಿ ಬರೆಸಿಕೊಳ್ಳಿ. ಸಾಧ್ಯವಾದರೆ ಮೂರನೆಯದನ್ನೂ ಸೇರಿಸಿ: ಕುಂಟುವ ಅಥವಾ ಜ್ವರವಿರುವ ಕುದುರೆಯನ್ನು ತರಗತಿಗೆ ಕೊಡುವುದಿಲ್ಲ ಎನ್ನುವ ಹಕ್ಕು. ವೇಳಾಪಟ್ಟಿಯಲ್ಲಿ ನಲವತ್ತು ಮಕ್ಕಳ ಹೆಸರಿದ್ದಾಗ, ಪೋಷಕರು ನೋಡಲು ಬಂದು ನಿಂತಾಗ, ಈ ಹಕ್ಕು ಕಾಗದದಲ್ಲಿ ಇಲ್ಲದಿದ್ದರೆ ಬಾಯಲ್ಲಿ ಉಳಿಯುವುದಿಲ್ಲ. ಕುದುರೆಯ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರವನ್ನು, ಜೀನೂ ಸೇರಿ, ಅದರ ಬೆನ್ನಿಗೆ ಹೇರಬಾರದೆಂಬ ಮಾತನ್ನು ಸವಾರಿ ಕಲಿಸುವವರು ಒಪ್ಪುತ್ತಾರೆಯೇ ಎಂದೂ ತಿಳಿದುಕೊಳ್ಳಿ. ಇಂಥ ಶಾಲೆಗಳ ಎಷ್ಟೋ ಸವಾರಿ ಶಿಕ್ಷಕರು ಸೇನೆಯಿಂದ ನಿವೃತ್ತರಾದವರು. ಅವರ ಶಿಸ್ತು ಕಟುವೆನಿಸಬಹುದು, ಆಜ್ಞೆಗಳು ಹಿಂದಿಯಲ್ಲಿರಬಹುದು, ಆದರೆ ಅವರಿಂದ ಕಲಿಯುವಷ್ಟನ್ನು ಬೇರೆಲ್ಲಿಯೂ ಕಲಿಯಲಾರಿರಿ.

ಮಕ್ಕಳಿರುವ ಜಾಗದ ಕೆಲಸವಾದ್ದರಿಂದ ಪೊಲೀಸ್ ಪರಿಶೀಲನೆ ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಬಂದ 2020ರ ನಿಯಮಗಳು ಮಕ್ಕಳೊಂದಿಗೆ ನಿತ್ಯ ಒಡನಾಡುವ ಸಿಬ್ಬಂದಿಗೆಲ್ಲ ಇದನ್ನು ಕಡ್ಡಾಯ ಮಾಡಿವೆ, ಕೇಳದಿರುವ ಶಾಲೆಯ ಬಗ್ಗೆಯೇ ಅನುಮಾನಪಡಬೇಕು. ಮಗುವಿನ ಮೇಲೆ ಅಂಥ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು ಆ ಕಾಯ್ದೆಯ ಪ್ರಕಾರ ನಿಮ್ಮ ಕರ್ತವ್ಯವೂ ಹೌದು. ಲಾಯದಲ್ಲಿ ಒಂಟಿಯಾಗಿ ಒಂದೇ ಮಗುವಿನೊಂದಿಗೆ ಉಳಿಯದಿರುವುದು, ಜೀನಿನ ಕೋಣೆಯ ಬಾಗಿಲನ್ನು ತೆರೆದೇ ಇಡುವುದು ಮಗುವಿಗೂ ನಿಮಗೂ ರಕ್ಷಣೆ.

ಇನ್ನು ಮನೆ ಮತ್ತು ಹಣ. ಉಚಿತ ಮನೆಯೆಂಬುದು ಸಂಬಳದ ಒಂದು ಭಾಗ, ಯಾರದೋ ಔದಾರ್ಯವಲ್ಲ. ಆದ್ದರಿಂದ ಅದನ್ನೂ ಸಂಬಳದಷ್ಟೇ ಗಂಭೀರವಾಗಿ ಪರೀಕ್ಷಿಸಬೇಕು. ಉದಾಹರಣೆಗೆ, ಮನೆಯೊಂದಿಗೆ 15,000 ಮತ್ತು ಮನೆಯಿಲ್ಲದೆ 20,000 ರೂಪಾಯಿ ಎಂಬ ಎರಡು ಅವಕಾಶಗಳಿದ್ದರೆ ಆ ಕೋಣೆಯ ಬೆಲೆ ತಿಂಗಳಿಗೆ 5,000. ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲದ, ಮೇವಿನ ಕೋಣೆಗೆ ಅಂಟಿದ, ಇಬ್ಬರೊಂದಿಗೆ ಹಂಚಿಕೊಳ್ಳಬೇಕಾದ ಕೋಣೆಗೆ ಆ ಬೆಲೆ ಇದೆಯೇ ಎಂದು ನೀವೇ ನಿರ್ಧರಿಸಿ. ಹೆಣ್ಣುಮಕ್ಕಳು ಇಂದು ಈ ಕೆಲಸಕ್ಕೆ ಹೆಚ್ಚಾಗಿ ಬರುತ್ತಿದ್ದಾರೆ; ಅವರ ಕೋಣೆ ಲಾಯದ ಹಿಂಬದಿಯಲ್ಲಿ ಒಂಟಿಯಾಗಿರದೆ ಸಿಬ್ಬಂದಿ ವಸತಿಯ ನಡುವೆ ಇರುವಂತೆ ಕೇಳುವುದು ಯಾವ ಅತಿಯೂ ಅಲ್ಲ. ಕುಟುಂಬ ಜೊತೆಗೆ ಬರಬಹುದೇ, ನಿಮ್ಮ ಮಕ್ಕಳಿಗೆ ಅದೇ ಶಾಲೆಯಲ್ಲಿ ಶುಲ್ಕ ರಿಯಾಯಿತಿ ಎಷ್ಟು, ಯಾವ ತರಗತಿಯವರೆಗೆ ಎಂಬುದು ಬರವಣಿಗೆಯಲ್ಲಿ ಇರಲಿ. ಊಟ ಶಾಲೆಯ ಭೋಜನಶಾಲೆಯದಾದರೆ ರಜೆಯ ದಿನಗಳಲ್ಲಿ ಒಲೆ ಹತ್ತಿಸುವವರು ಯಾರು ಎಂದೂ ಕೇಳಬೇಕು. ಮೀನು, ಕುಚ್ಚಲಕ್ಕಿ ಅನ್ನಕ್ಕೆ ಒಗ್ಗಿದವರು ಕೋಣೆಯಲ್ಲಿ ಅಡುಗೆಗೆ ಅನುಮತಿ ಪಡೆದುಕೊಳ್ಳುವುದು ಒಳ್ಳೆಯದು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ಅನ್ವಯಿಸುತ್ತದೆ, ನಿಮ್ಮ ಪಾಲು ಶೇ 12. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಅದರಡಿ ಬರುತ್ತಾರೆ; ಇಲ್ಲದಿದ್ದರೆ ಅಪಘಾತ ವಿಮೆಯನ್ನಾದರೂ ಕೇಳಿ, ಏಕೆಂದರೆ ಒದೆತಕ್ಕೆ ಮುರಿದ ಮೂಳೆ ಕೂಡುವವರೆಗೆ ಈ ಕೆಲಸ ಮಾಡಲಾಗದು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಮನೆ ಖಾಲಿ ಮಾಡಲು ಎಷ್ಟು ದಿನಗಳ ಗಡುವು ಎಂಬುದು ಎಲ್ಲರೂ ಮರೆಯುವ ಪ್ರಶ್ನೆ. ಮೂವತ್ತು ದಿನ ಕೇಳಿ. ಹದಿನೈದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಇಷ್ಟೆಲ್ಲ ಸರಿಬಂದರೂ ಮೊದಲು ಒಂದು ವಾರ, ಆಗುವುದಾದರೆ ದಿನಗೂಲಿಯ ಮೇಲೆ, ಪ್ರಾಯೋಗಿಕವಾಗಿ ದುಡಿದು ನೋಡಿ. ಆ ವಾರದಲ್ಲಿ ಬೆಳಿಗ್ಗೆ ಎದ್ದ ಹೊತ್ತು, ಮಧ್ಯಾಹ್ನ ಕೂತ ಹೊತ್ತು, ರಾತ್ರಿ ಕೊನೆಯ ಸುತ್ತು ಮುಗಿದ ಹೊತ್ತುಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಕೂಡಿಸಿ, ಸಂಬಳವನ್ನು ಆ ಗಂಟೆಗಳಿಂದ ಭಾಗಿಸಿ. ಅದೇ ಪುಸ್ತಕದ ಇನ್ನೊಂದು ತುದಿಯಿಂದ ಒಂದೊಂದು ಕುದುರೆಗೆ ಒಂದೊಂದು ಪುಟ ತೆರೆದು ಮೇವಿನ ಅಳತೆ, ಲಾಳ ಕಟ್ಟಿದ ದಿನ, ಜಂತುಹುಳದ ಔಷಧ ಕೊಟ್ಟ ದಿನ, ಯಾವ ಶಬ್ದಕ್ಕೆ ಬೆದರುತ್ತದೆ, ಯಾವ ಬದಿ ಮುಟ್ಟಿದರೆ ಸಹಿಸುವುದಿಲ್ಲ ಎಂಬುದನ್ನು ಬರೆಯುತ್ತ ಹೋಗಿ. ನೀವು ಊರಿಗೆ ಹೋದ ದಿನ ಬದಲಿಯವನ ಕೈಗೆ ಕೊಡಬೇಕಾದದ್ದು ಈ ಪುಸ್ತಕವೇ.