ಹಳೆಯ ರಾಕ್ ಕಿವಿಗೆ ಹೊಸ ಬ್ಯಾಂಡ್ ಹಿಡಿಸಿದ್ದು ಹೇಗೆ: ನನ್ನ ಅನುಭವ

1980ರ ಸೆಪ್ಟೆಂಬರ್‌ನಲ್ಲಿ ಲೆಡ್ ಝೆಪೆಲಿನ್ ಬ್ಯಾಂಡ್‌ನ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡಾಗಲೇ ರಾಕ್ ಕೂಡ ಮುಗಿಯಿತು ಎಂದು ನಂಬಿದವರು ನಮ್ಮ ಕೇಳುಗರ ಬಳಗದಲ್ಲಿ ಹೆಚ್ಚು. ಐವತ್ತೈದು ದಾಟಿದ ಮೇಲೆ ಹೊಸ ಬ್ಯಾಂಡ್ ಕಿವಿಗೆ ಹತ್ತುವುದಿಲ್ಲ, ಸುಮ್ಮನೆ ದುಡ್ಡು ದಂಡ ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಈಗ ನನ್ನ ಕಪಾಟಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು 2010ರ ನಂತರದ ಆಲ್ಬಮ್‌ಗಳಿವೆ. ಅಂದು ಬುದ್ಧಿ ಹೇಳಿದವರೇ ಇಂದು ಅವುಗಳನ್ನು ಎರವಲು ಒಯ್ಯುತ್ತಾರೆ. ಆದ್ದರಿಂದ ನಾನು ಮಾಡಿದ್ದನ್ನು ಮಾಡಿದ ಹಾಗೆಯೇ ಬರೆಯುತ್ತಿದ್ದೇನೆ. ಹದಿಹರೆಯದಲ್ಲಿ ಕೇಳಿದ ಹಾಡು ಜೀವನಪೂರ್ತಿ ಏಕೆ ಬಿಡುವುದಿಲ್ಲ ಎಂಬ ಶಾಸ್ತ್ರವನ್ನು ಬಲ್ಲವರಿಗೆ ಬಿಡುತ್ತೇನೆ. ಎಪ್ಪತ್ತರ ದಶಕದ ಡೀಪ್ ಪರ್ಪಲ್ ಬ್ಯಾಂಡ್ ಯಾರು, ಟರ್ನ್‌ಟೇಬಲ್‌ನ ಮುಳ್ಳಿಗೆ ಎಷ್ಟು ಭಾರ ಕೊಡಬೇಕು ಎಂಬುದನ್ನು ನಿಮಗೆ ಹೇಳಿಕೊಡುವ ಅಗತ್ಯವೂ ಇಲ್ಲ.

ಮೊದಲು ಫಲ ಕೊಡದ ದಾರಿಗಳು. ಹಣ ಹೆಚ್ಚು ಹೋದದ್ದು ಅಲ್ಲಿಯೇ.

ಸ್ಟ್ರೀಮಿಂಗ್ ಸೇವೆಯೊಂದಕ್ಕೆ ಸುಮಾರು ಒಂದು ವರ್ಷ ಚಂದಾ ಕಟ್ಟಿ, ಅದು ಸೂಚಿಸಿದ್ದನ್ನೆಲ್ಲ ನಿಷ್ಠೆಯಿಂದ ಕೇಳಿದೆ. ಲೆಡ್ ಝೆಪೆಲಿನ್ ಕೇಳಿದರೆ ಅದು ಬ್ಯಾಡ್ ಕಂಪನಿಯನ್ನು ಕೊಡುತ್ತಿತ್ತು, ಡೀಪ್ ಪರ್ಪಲ್ ಕೇಳಿದರೆ ಯುರಾಯಾ ಹೀಪ್, ಬ್ಲ್ಯಾಕ್ ಸಬಾತ್ ಕೇಳಿದರೆ ಮತ್ತೆ ಡೀಪ್ ಪರ್ಪಲ್. ಎಲ್ಲವೂ ನನ್ನ ಕಪಾಟಿನಲ್ಲೇ ಇದ್ದವು. ನನ್ನಂಥ ಕೇಳುಗರು ಏನು ಕೇಳುತ್ತಾರೆ ಎಂಬ ಲೆಕ್ಕದ ಮೇಲೆ ನಡೆಯುವ ವ್ಯವಸ್ಥೆ ಅದು. ನನ್ನಂಥವರು ಹೊಸದನ್ನು ಕೇಳುವುದಿಲ್ಲವಾದ್ದರಿಂದ ಅದರ ಬಳಿಯೂ ಹೊಸದು ಇರಲಿಲ್ಲ. ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದಂತಾಯಿತು.

ಎರಡನೆಯದು ವರ್ಷದ ಕೊನೆಯಲ್ಲಿ ಬರುವ ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಗಳು. ಅವುಗಳನ್ನು ಹಿಡಿದು ಎರಡು ವರ್ಷ ಎಲ್‌ಪಿ (ವಿನೈಲ್ ತಟ್ಟೆ) ಕೊಂಡೆ. ಟರ್ನ್‌ಟೇಬಲ್‌ನ ಮುಳ್ಳು ಕೂರುವ ಒಂದು ಉತ್ತಮ ಕಾರ್ಟ್ರಿಜ್‌ಗೆ ಆಗುವಷ್ಟು ಹಣ ಹೋಯಿತು, ಹತ್ತರಲ್ಲಿ ಒಂದು ಉಳಿಯಿತು. ಉಳಿದವನ್ನು ಮಾರಿದಾಗ ಅರ್ಧ ಬೆಲೆಯೂ ಬರಲಿಲ್ಲ. ಆ ಪಟ್ಟಿ ಮಾಡುವವರು ಎಲ್ಲ ಬಗೆಯ ಸಂಗೀತವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ; ಗಿಟಾರ್ ಮತ್ತು ಡ್ರಮ್ ಹುಡುಕುವವನಿಗೆ ಅದರಲ್ಲಿ ಸಿಗುವುದು ಬಹಳ ಕಡಿಮೆ.

ಮೂರನೆಯದು ಎಲ್ಲರೂ ಮೊದಲು ಹಿಡಿಯುವ ದಾರಿ: ಹಳೆಯವರಂತೆಯೇ ಕೇಳಿಸುವ ಹೊಸಬರು. ಮಿಷಿಗನ್‌ನ ಗ್ರೆಟಾ ವ್ಯಾನ್ ಫ್ಲೀಟ್ 2019ರಲ್ಲಿ ಗ್ರ್ಯಾಮಿ ಗೆದ್ದಾಗ ಬಳಗದ ತುಂಬ ಅದೇ ಮಾತು. ನಾನೂ ತರಿಸಿಕೊಂಡೆ, ಒಂದು ವಾರ ಖುಷಿಯಾಗಿ ಕೇಳಿದೆ. ಆಮೇಲೆ ಕೈ ತಾನಾಗಿ ಮೂಲದ ಕಡೆಗೇ ಹೋಯಿತು. ಆ ಹುಡುಗರ ಪ್ರತಿಭೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಝೆಪೆಲಿನ್‌ನಂತೆ ಕೇಳಿಸುವ ಬ್ಯಾಂಡ್ ನಿಮ್ಮನ್ನು ಝೆಪೆಲಿನ್ ಬಳಿಗೇ ಹಿಂದಕ್ಕೆ ಕಳಿಸುತ್ತದೆ. ನಾದದ ಹೋಲಿಕೆಯನ್ನು ಹಿಡಿದು ಹುಡುಕುವುದನ್ನು ಅಲ್ಲಿಗೆ ನಿಲ್ಲಿಸಿದೆ.

ದಾರಿ ತೆರೆದದ್ದು ಆಲ್ಬಮ್‌ನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಕಿಂಗ್ ಕ್ರಿಮ್ಸನ್, ಜೆಥ್ರೋ ಟಲ್, ಯೆಸ್ ಬ್ಯಾಂಡ್‌ಗಳ ಹಳೆಯ ಆಲ್ಬಮ್‌ಗಳನ್ನು ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ (ಒಂದೊಂದು ವಾದ್ಯದ ಧ್ವನಿಯನ್ನು ಮತ್ತೆ ಹದವಾಗಿ ಬೆರೆಸಿದ) ಆವೃತ್ತಿಗಳು ನನ್ನ ಬಳಿ ಇದ್ದವು, ಆ ಕೆಲಸ ನನಗೆ ಬಹಳ ಮೆಚ್ಚುಗೆಯಾಗಿತ್ತು. ಅದೇ ಮನುಷ್ಯ 2013ರಲ್ಲಿ ತನ್ನದೇ ಆಲ್ಬಮ್ ಮಾಡಿದಾಗ ಧ್ವನಿಮುದ್ರಣಕ್ಕೆ ಕುಳಿತವರು ಆಲನ್ ಪಾರ್ಸನ್ಸ್, ಎಂದರೆ 1973ರಲ್ಲಿ ಬಂದ ಪಿಂಕ್ ಫ್ಲಾಯ್ಡ್‌ನ ಆಲ್ಬಮ್ 'ಡಾರ್ಕ್ ಸೈಡ್' ಮುದ್ರಿಸಿದ ಎಂಜಿನಿಯರ್. ನಲವತ್ತು ವರ್ಷ ನಾನು ನಂಬಿಕೊಂಡು ಬಂದ ಕಿವಿಯೇ ಹೊಸ ಆಲ್ಬಮ್‌ನ ಹಿಂದೆಯೂ ಇತ್ತು. ಅದನ್ನು ತರಿಸಿದೆ, ಅದು ಉಳಿಯಿತು. ಅಂದಿನಿಂದ ನಾನು ಹಿಂಬಾಲಿಸುವುದು ಜನರನ್ನು: ಡ್ರಮ್ ಬಾರಿಸುವವರು, ಧ್ವನಿಮುದ್ರಿಸಿದ ಎಂಜಿನಿಯರ್‌ಗಳು, ನಿರ್ಮಾಪಕರು, ಹಳೆಯ ಬ್ಯಾಂಡ್‌ಗಳು ತಾವೇ ಆರಿಸಿ ವೇದಿಕೆಗೆ ಕರೆದವರು. ಬ್ಲ್ಯಾಕ್ ಸಬಾತ್ ತನ್ನ 2016–17ರ ವಿದಾಯ ಪ್ರವಾಸದಲ್ಲಿ ಆರಂಭದ ಬ್ಯಾಂಡ್ ಆಗಿ ಕರೆದೊಯ್ದದ್ದು ಕ್ಯಾಲಿಫೋರ್ನಿಯಾದ ರೈವಲ್ ಸನ್ಸ್ ಅನ್ನು. ಅವರ ನಿರ್ಮಾಪಕ ಡೇವ್ ಕಾಬ್. ಆ ಹೆಸರಿನ ಹಿಂದೆ ಹೋದರೆ ಗ್ರೆಟಾ ವ್ಯಾನ್ ಫ್ಲೀಟ್‌ನ 2023ರ ಆಲ್ಬಮ್ ಎದುರಾಯಿತು. ಅದು ಅವರ ಹಿಂದಿನವುಗಳಿಗಿಂತ ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಹೆಸರಿನಿಂದ ಮೂರು ಹೆಸರು ಸಿಗುತ್ತವೆ. ಆ ಮೂರರಲ್ಲಿ ಯಾವುದನ್ನು ಬಿಡಬೇಕು ಎಂಬುದಕ್ಕೆ ನನ್ನದೊಂದು ಪರೀಕ್ಷೆ ಇದೆ, ಅದು ನನ್ನ ಬಳಿಯೇ ಇರಲಿ.

ಹುಡುಕುವುದು ಅರ್ಧ ಕೆಲಸ, ಉಳಿದರ್ಧ ಕೇಳುವ ಕ್ರಮ. ಹಿಂದೆ ಒಂದು ಎಲ್‌ಪಿ ಕೊಂಡರೆ ಮುಂದಿನದಕ್ಕೆ ದುಡ್ಡು ಕೂಡಲು ತಿಂಗಳುಗಳೇ ಬೇಕಾಗುತ್ತಿದ್ದವು. ಇಷ್ಟವಾಗಲಿ ಬಿಡಲಿ, ಅದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆವು. ಈಗ ಅದೇ ನಿಯಮವನ್ನು ಬೇಕೆಂದೇ ಹಾಕಿಕೊಂಡಿದ್ದೇನೆ. ಒಂದು ವಾರಕ್ಕೆ ಒಂದೇ ಹೊಸ ಆಲ್ಬಮ್, ಮೊದಲಿನಿಂದ ಕೊನೆಯವರೆಗೆ, ಹಾಡು ದಾಟಿಸುವಂತಿಲ್ಲ. ನಾಲ್ಕನೆಯ ಸಲ ಕೇಳುವವರೆಗೆ ಒಳ್ಳೆಯದು ಕೆಟ್ಟದ್ದು ಎಂಬ ಮಾತಿಲ್ಲ. ಆ ವಾರ ಹಳೆಯದನ್ನು ಬೆಳಿಗ್ಗೆ ಮಾತ್ರ ಕೇಳುತ್ತೇನೆ. ಹೊಸದಾದ ಮೇಲೆ ತಕ್ಷಣ ಹಳೆಯದನ್ನು ಹಾಕಿದರೆ ಹೊಸದು ಸೋಲುತ್ತದೆ, ಪ್ರತಿ ಸಲವೂ. ಲೆಡ್ ಝೆಪೆಲಿನ್‌ನ ಮೊದಲ ಆಲ್ಬಮ್ ಅನ್ನೇ 1969ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಜರೆದಿತ್ತು. ಅವಸರದ ತೀರ್ಪು ಎಂಥದ್ದೆಂದು ನಮಗಿಂತ ಚೆನ್ನಾಗಿ ಯಾರು ಬಲ್ಲರು?

ಇನ್ನೊಂದು ಸಂಗತಿಯನ್ನು ಬಳಗದಲ್ಲಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ: ಧ್ವನಿಯ ಮಟ್ಟ. 1990ರ ದಶಕದಿಂದೀಚೆಗೆ ಆಲ್ಬಮ್‌ಗಳನ್ನು ಮಾಸ್ಟರಿಂಗ್‌ನಲ್ಲಿ, ಎಂದರೆ ಅಚ್ಚಿಗೆ ಮೊದಲಿನ ಕೊನೆಯ ಹಂತದಲ್ಲಿ, ಅದುಮಿ ಅದುಮಿ ಜೋರು ಮಾಡಿದ್ದು ನಿಮಗೆ ಗೊತ್ತೇ ಇದೆ. 2008ರ ಮೆಟಾಲಿಕಾ ಆಲ್ಬಮ್‌ಗೆ ಅಭಿಮಾನಿಗಳೇ ಜಗಳ ತೆಗೆದಿದ್ದರು. ವಾಲ್ಯೂಮ್ ಗುಂಡಿಯನ್ನು ಹಳೆಯ ಎಲ್‌ಪಿಗೆ ಇಟ್ಟ ಜಾಗದಲ್ಲೇ ಬಿಟ್ಟು ಹೊಸ ಆಲ್ಬಮ್ ಹಾಕಿದರೆ ಇಪ್ಪತ್ತು ನಿಮಿಷದಲ್ಲಿ ಕಿವಿ ದಣಿಯುತ್ತದೆ, ನಾವು ಸಂಗೀತವನ್ನು ಬೈಯುತ್ತೇವೆ. ನಾನು ಮೊಬೈಲ್‌ನ ಧ್ವನಿಮಾಪಕ ಇಟ್ಟುಕೊಂಡು ಎರಡನ್ನೂ ಕುಳಿತ ಜಾಗದಲ್ಲಿ ಸುಮಾರು 75 ಡೆಸಿಬಲ್‌ಗೆ ತಂದೆ. ಡಿಜಿಟಲ್ ಕಡತಗಳಿಗೆ, ಎಲ್ಲವನ್ನೂ ಒಂದೇ ಮಟ್ಟದ ಜೋರಿಗೆ ತರುವ ರೀಪ್ಲೇಗೇನ್ ಹಾಕಿದೆ. ಒಂದು ಪೈಸೆ ಖರ್ಚಿಲ್ಲ. 'ಹೊಸದೆಲ್ಲ ಬರೀ ಗದ್ದಲ' ಎಂಬ ದೂರಿನಲ್ಲಿ ಅರ್ಧದಷ್ಟು ಅಲ್ಲೇ ಕರಗಿತು. ಹೊಸ ಆಲ್ಬಮ್‌ಗಳ ಎಲ್‌ಪಿ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಕೆಲವರು ಹೇಳುತ್ತಾರೆ. ಕೆಲವು ಇರುತ್ತವೆ. ಹಲವು ಅದೇ ಮಾಸ್ಟರ್‌ನಿಂದ ಬರುತ್ತವೆ, ವಿಚಾರಿಸದೆ ಹಣ ಸುರಿಯಬೇಡಿ.

ನಡುವೆ ಬೇರೆಯದೇ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ಹೊಸ ಬ್ಯಾಂಡ್‌ಗೆ ಹೋಗುವ ಮೊದಲು ಎಪ್ಪತ್ತರ ದಶಕದಲ್ಲೇ ಇದ್ದು ನಮ್ಮ ಕಿವಿಗೆ ಬೀಳದವರನ್ನು ಹುಡುಕುವುದು. ಡೀಪ್ ಪರ್ಪಲ್‌ನ ಮೊದಲ ಗಾಯಕ ರಾಡ್ ಇವಾನ್ಸ್ ಇದ್ದ ಕ್ಯಾಪ್ಟನ್ ಬಿಯಾಂಡ್, ಕಾರ್ಡಿಫ್‌ನ ಬಡ್ಜಿ, ಆಮೇಲೆ ಜಾಂಬಿಯಾದ ವಿಚ್ ಎಂಬ ಬ್ಯಾಂಡ್. ಈ ವಿಚ್ ನನಗೆ ಒಂದು ಋತುವನ್ನೇ ತುಂಬಿಕೊಟ್ಟಿತು. ತಾಮ್ರದ ಗಣಿಗಳ ನಾಡಿನಲ್ಲಿ ಕುಳಿತು ಕರ್ಕಶ ಫಜ್ (ಧ್ವನಿಯನ್ನು ಒರಟಾಗಿಸುವ ಉಪಕರಣದ) ಗಿಟಾರ್ ಹಿಡಿದ ಆ ಬ್ಯಾಂಡ್‌ನ ಗಾಯಕ ಮುದಿತನದಲ್ಲಿ ಅದನ್ನು ಮತ್ತೆ ಕಟ್ಟಿ 2023ರಲ್ಲಿ ಹೊಸ ಆಲ್ಬಮ್ ತಂದ. ಹೀಗೆ ಆಫ್ರಿಕಾದ ಕಡೆ ತಿರುಗಿದವನಿಗೆ ನೈಜರ್‌ನ ಎಮ್ಡೂ ಮೊಕ್ತಾರ್ ಸಿಕ್ಕ. ಎಡಗೈ ಗಿಟಾರ್‌ವಾದಕ, ಟುವಾರೆಗ್ ಜನಾಂಗದವನು, ಮೊದಲ ಗಿಟಾರ್‌ಗೆ ಸೈಕಲ್ ಬ್ರೇಕಿನ ತಂತಿಗಳನ್ನೇ ಕಟ್ಟಿಕೊಂಡವನು. ಕಾರ್ಖಾನೆಯಲ್ಲಿ ಬೆರಳ ತುದಿ ಕಳೆದುಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತೊಪ್ಪಿಗೆ ಮಾಡಿಕೊಂಡ ಬ್ಲ್ಯಾಕ್ ಸಬಾತ್‌ನ ಗಿಟಾರ್‌ವಾದಕ ಟೋನಿ ಐಯೋಮಿಯನ್ನು ಪ್ರೀತಿಸುವವನು ಇವನನ್ನು ಕೇಳದೆ ಇರಬಾರದು. 2021ರ ಆಲ್ಬಮ್‌ನಿಂದ ಆರಂಭಿಸಿ.

ಮೆಲ್ಬರ್ನ್‌ನ ಕಿಂಗ್ ಗಿಜರ್ಡ್ ಅಂಡ್ ದ ಲಿಜರ್ಡ್ ವಿಜರ್ಡ್ ಎಂಬ ಬ್ಯಾಂಡ್‌ಗೆ ಒಗ್ಗಲು ಬಹಳ ಕಾಲ ಬೇಕಾಯಿತು. 2017 ಒಂದೇ ವರ್ಷದಲ್ಲಿ ಐದು ಆಲ್ಬಮ್ ತಂದವರು, ಎಲ್ಲಿಂದ ಹಿಡಿಯುವುದು? ಹೆಚ್ಚುವರಿ ಫ್ರೆಟ್‌ಗಳನ್ನು, ಎಂದರೆ ಬೆರಳಿಡುವ ಮನೆಗಳನ್ನು, ಹಾಕಿಸಿದ ಗಿಟಾರ್‌ಗಳಲ್ಲಿ, ಸ್ವರಗಳ ನಡುವಿನ ಶ್ರುತಿಗಳನ್ನು ನುಡಿಸಿದ ಅವರ ಆಲ್ಬಮ್‌ನಿಂದ ಆರಂಭಿಸಿ ಎರಡು ಸಲ ಕೈಬಿಟ್ಟೆ. ಕೊನೆಗೆ ಫಲಿಸಿದ್ದು 2016ರ 'ನಾನಗಾನ್ ಇನ್ಫಿನಿಟಿ'. ಹಾಡು ಹಾಡಿಗೆ ಬೆಸೆದುಕೊಂಡು, ಕೊನೆಯ ಹಾಡು ಮೊದಲನೆಯದಕ್ಕೇ ಬಂದು ಸೇರುತ್ತದೆ. ಅದೇ 2017ರ ಒಂದು ಆಲ್ಬಮ್ ಅನ್ನು ಅವರು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಲಿ ಎಂದು ಉಚಿತವಾಗಿ ಬಿಟ್ಟುಕೊಟ್ಟರು. ಆದ್ದರಿಂದ ಅದರ ಎಲ್‌ಪಿಗಳು ಹತ್ತಾರು ಬಗೆಯವು ಇವೆ, ಬೆಲೆಗಳೂ ಅಷ್ಟೇ ಬಗೆ. ಎಲ್ಲ ಹೊಸಬರೂ ಹಿಡಿಸಿದರು ಎಂದಲ್ಲ. ಲಂಡನ್‌ನ ಬ್ಲ್ಯಾಕ್ ಮಿಡಿ ಬ್ಯಾಂಡ್‌ನ ಡ್ರಮ್ ಕೇಳಿ ಬೆರಗಾದೆ, ಆದರೆ ಆ ಹಾಡುಗಾರಿಕೆ ಇವತ್ತಿಗೂ ನನ್ನೊಳಗೆ ಇಳಿದಿಲ್ಲ.

ಬಳಗವನ್ನು ಒಲಿಸಿದ್ದು ಎಲ್ಡರ್ ಬ್ಯಾಂಡ್‌ನ ಆಲ್ಬಮ್ 'ಲೋರ್'. 2015ರದು, ಒಂದು ಗಂಟೆಯ ಆಸುಪಾಸು, ಇಡೀ ಆಲ್ಬಮ್‌ಗೆ ಐದೇ ಹಾಡು. ಹೆಸರು ಹೇಳದೆ, ಮುಖಪುಟ ತೋರಿಸದೆ ಹಾಕಿದೆ. ನಮ್ಮಲ್ಲೇ ಅತಿ ಕಟ್ಟಾ ಅಭಿಮಾನಿಯಾದ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೇಳಿ, ಇದು 1973ರ ಹೊತ್ತಿನ ಯಾವುದೋ ಜರ್ಮನ್ ಬ್ಯಾಂಡ್, ನನ್ನ ಕಣ್ಣಿಗೆ ಹೇಗೆ ತಪ್ಪಿಸಿಕೊಂಡಿತು ಎಂದರು. ಇಸವಿ ಹೇಳಿದಾಗ ನಂಬಲಿಲ್ಲ, ಮುಖಪುಟ ಕೈಗೆ ಕೊಡಬೇಕಾಯಿತು. ಅವರು ಈಗ ನನಗಿಂತ ಮೊದಲೇ ಎಲ್ಡರ್‌ನ ಹೊಸ ಆಲ್ಬಮ್ ತರಿಸುತ್ತಾರೆ. ಅಂಥ ಸಂಜೆಗೆ ಯಾವ ಹಾಡಿನ ಬೆನ್ನಿಗೆ ಯಾವುದನ್ನು ಹಾಕಬೇಕೆಂಬ ಕ್ರಮ ಬಹಳ ಮುಖ್ಯ. ಪ್ರಯೋಗ ಇನ್ನೂ ನಡೆಯುತ್ತಿರುವುದರಿಂದ ಆ ಕ್ರಮವನ್ನೂ ಇಲ್ಲಿ ಬರೆಯುವುದಿಲ್ಲ.

ಹೊಸದನ್ನು ಕೇಳಿದರೆ ಹಳೆಯದರ ಮೇಲಿನ ಪ್ರೀತಿ ಕಡಿಮೆಯಾಗುತ್ತದೆ ಎಂದು ಹೆದರುವವರಿದ್ದಾರೆ. ಎಲ್ಡರ್ ಕೇಳಿದ ವಾರವೇ ನಾನು ಸಬಾತ್‌ನ ಮೊದಲ ಆಲ್ಬಮ್ ತೆಗೆದೆ, ಅವರ ಡ್ರಮ್ಮರ್ ಬಿಲ್ ವಾರ್ಡ್‌ನ ಡ್ರಮ್‌ನಲ್ಲಿ ಇಷ್ಟು ಜಾಝ್ ನಡೆ ಇದೆ ಎಂಬುದು ಅಷ್ಟು ವರ್ಷಗಳಲ್ಲಿ ಅಂದೇ ಸ್ಪಷ್ಟವಾಗಿ ಕೇಳಿಸಿತು.

ಈಗ ಹಣದ ಮಾತು. ನಮ್ಮ ವಯಸ್ಸಿನವರ ಹಣ ಸೋರುವುದು ಹಳೆಯ ಆಲ್ಬಮ್‌ಗಳ ಹೊಸ ಆವೃತ್ತಿಗಳಲ್ಲಿ. ಎಲ್‌ಪಿ, ಕ್ಯಾಸೆಟ್, ಸಿಡಿ, ಧ್ವನಿಯನ್ನು ಮತ್ತೆ ಹದಗೊಳಿಸಿದ ರೀಮಾಸ್ಟರ್, ಅದರ ಮೇಲೆ ವಾರ್ಷಿಕೋತ್ಸವದ ಪೆಟ್ಟಿಗೆ. 'ಡಾರ್ಕ್ ಸೈಡ್'ಗೆ ಐವತ್ತು ತುಂಬಿದಾಗ 2023ರಲ್ಲಿ ಬಂದ ಪೆಟ್ಟಿಗೆಯನ್ನು ನಾನು ಕೊಳ್ಳಲಿಲ್ಲ. ಅಂಥ ಒಂದು ಪೆಟ್ಟಿಗೆಯ ಹಣದಲ್ಲಿ ನನ್ನ ಒಂದು ವರ್ಷದ ಹೊಸ ಡಿಜಿಟಲ್ ಆಲ್ಬಮ್‌ಗಳ ಬಹುಪಾಲು ಬಂದುಬಿಡುತ್ತವೆ. ಮೊದಲು ಬ್ಯಾಂಡ್‌ಗಳು ನೇರವಾಗಿ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಡತ ಕೊಳ್ಳುತ್ತೇನೆ. ಅಲ್ಲಿ ಡಿಜಿಟಲ್ ಮಾರಾಟಕ್ಕೆ ಸಾಮಾನ್ಯವಾಗಿ ಶೇಕಡಾ 15ರಷ್ಟು ಕಳೆದು, ಪಾವತಿಯ ಶುಲ್ಕ ಬಿಟ್ಟರೆ, ಉಳಿದದ್ದು ಬ್ಯಾಂಡ್‌ಗೆ ಹೋಗುತ್ತದೆ. 2020ರಿಂದ ಕೆಲವು ಶುಕ್ರವಾರಗಳಂದು ಆ ಪಾಲನ್ನೂ ಬ್ಯಾಂಡ್‌ಕ್ಯಾಂಪ್ ತೆಗೆದುಕೊಳ್ಳುವುದಿಲ್ಲ, ನಾನು ಅಂಥ ಶುಕ್ರವಾರಕ್ಕೆ ಕಾಯುತ್ತೇನೆ. ಎರಡು ಮೂರು ತಿಂಗಳ ನಂತರವೂ ಆ ಆಲ್ಬಮ್ ತಾನಾಗಿ ನೆನಪಿಗೆ ಬಂದರೆ ಮಾತ್ರ ಎಲ್‌ಪಿ. ಈ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಉಳಿಯುತ್ತಿದೆ, ಮಾರಬೇಕಾಗಿ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ.

ಕಾರ್ಯಕ್ರಮಗಳಲ್ಲೂ ಇದೇ ಲಾಭ. ಹಳೆಯ ದೊಡ್ಡ ಹೆಸರುಗಳಿಗೆ ಕ್ರೀಡಾಂಗಣದ ಕೊನೆಯ ಸಾಲಿನಲ್ಲಿ ಕೂರಲು ಕೊಡುವ ಹಣದಲ್ಲಿ ಹೊಸ ಬ್ಯಾಂಡ್‌ಗಳ ನಾಲ್ಕೈದು ಸಣ್ಣ ಸಭಾಂಗಣದ ಕಾರ್ಯಕ್ರಮ ನೋಡಬಹುದು. ಸಂಗೀತಗಾರರು ಬಳಸುವ, ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ ತೆಗೆದುಕೊಂಡು ಹೋಗಿ. ಸೌಂಡ್ ಎಂಜಿನಿಯರ್‌ನ ಮೇಜಿನ ಪಕ್ಕ ನಿಲ್ಲಿ, ಅಲ್ಲಿ ಮಿಕ್ಸ್ ಸರಿಯಾಗಿ ಕೇಳಿಸುತ್ತದೆ. ಎಲ್‌ಪಿ ಬೇಕಿದ್ದರೆ ಮುಗಿದ ಮೇಲೆ ಬ್ಯಾಂಡ್‌ನವರೇ ಇಟ್ಟ ಮೇಜಿನಲ್ಲಿ ಕೊಳ್ಳಿ. ಎಷ್ಟೋ ಸಲ ಡ್ರಮ್ಮರ್ ಅಲ್ಲೇ ನಿಂತಿರುತ್ತಾನೆ. ಅವನು ಈಗ ಯಾರನ್ನು ಕೇಳುತ್ತಿದ್ದಾನೆ ಎಂದು ವಿಚಾರಿಸಿ, ಆ ಹೆಸರನ್ನು ಬರೆದುಕೊಂಡು ಬನ್ನಿ.