ಬೊಲೆರೊ ಪಿಕಪ್‌ಗೆ ಹೊಸ ಬ್ಯಾಟರಿ: ಅಂಗಡಿಗೆ ಹೋಗುವ ಮೊದಲು ಏನು ಅಳೆಯಬೇಕು, ಅಲ್ಲಿ ಏನು ನೋಡಬೇಕು

ಸೆಲ್ಫ್ ಎತ್ತಲಿಲ್ಲ ಅಂದ ತಕ್ಷಣ ಬ್ಯಾಟರಿ ಬದಲಿಸುವ ಅಭ್ಯಾಸ ಪಿಕಪ್ ಓಡಿಸುವವರಲ್ಲಿ ಬಹಳ ಇದೆ. ಮೂರೇ ತಿಂಗಳಿಗೆ ಆ ಹೊಸದೂ ಮಲಗುತ್ತದೆ. ಬೈಗುಳ ತಿನ್ನುವುದು ಬ್ಯಾಟರಿ ಮಾಡಿದವರು. ನಿಜವಾದ ಕಾರಣ ಮಾತ್ರ ಬಾನೆಟ್ ಕೆಳಗೇ ಇರುತ್ತದೆ: ಸವೆದ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ), ತುಕ್ಕು ಹಿಡಿದ ಅರ್ಥಿಂಗ್ ವೈರು (ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್, ಬಾಡಿಗೆ ಹೋಗುವುದು), ಇಲ್ಲವೇ ಯಾರೋ ನೇರವಾಗಿ ಬ್ಯಾಟರಿಗೇ ಕಟ್ಟಿಹೋದ ಎಲ್‌ಇಡಿ ಪಟ್ಟಿ. ಹಾಗಾಗಿ ಮೊದಲ ಖರ್ಚು ಬ್ಯಾಟರಿಗಲ್ಲ, ಕೆಲವು ನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರ್‌ಗೆ.

ಇಲ್ಲಿ ಹೇಳುವುದು 2523 ಸಿಸಿಯ ಬೊಲೆರೊ ಪಿಕಪ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು. ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್‌ನಂಥ 12 ವೋಲ್ಟಿನ ಬೇರೆ ಡೀಸೆಲ್ ಪಿಕಪ್‌ಗಳಿಗೂ ಲೆಕ್ಕ ಬೇರೆಯಾಗುವುದಿಲ್ಲ.

ಹಳೆಯದು ಸತ್ತಿದೆಯೋ, ಯಾರಾದರೂ ಕೊಂದರೋ?

ಗಾಡಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಕೀ ತಿರುಗಿಸುವ ಮೊದಲು ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ನೋಡಿ. 12.6 ಅಥವಾ ಹೆಚ್ಚು ಇದ್ದರೆ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಖಾಲಿಯಾದ ಬ್ಯಾಟರಿಯನ್ನು ಹಾಗೇ ಪರೀಕ್ಷಿಸಿ ಕೆಟ್ಟಿದೆ ಅಂತ ತೀರ್ಪು ಕೊಡಬೇಡಿ. 70 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿಯಾದರೆ ಸುಮಾರು 7 ಆಂಪಿಯರ್‌ನಲ್ಲಿ, ಅಂದರೆ ಎಎಚ್‌ನ ಹತ್ತನೇ ಒಂದು ಭಾಗದಲ್ಲಿ, ನಿಧಾನವಾಗಿ ಚಾರ್ಜಿಗೆ ಹಾಕಿಸಿ. ಬಿಚ್ಚಿ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ತುಂಬಿಸಿದ ಮೇಲೂ 12.4 ದಾಟದಿದ್ದರೆ, ಅಥವಾ ಒಂದೇ ರಾತ್ರಿಗೆ 12.2ಕ್ಕೆ ಇಳಿದರೆ, ಆಗ ಅದರ ಆಯಸ್ಸು ಮುಗಿದಿದೆ.

ಮುಂದಿನ ಪರೀಕ್ಷೆಗೆ ಇನ್ನೊಬ್ಬರು ಬೇಕು. ಅವರು ಸೆಲ್ಫ್ ಹೊಡೆಯುವಾಗ ನೀವು ಮೀಟರ್ ನೋಡಿ. ತುಂಬಿದ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೇ ಅನುಮಾನ. ವೋಲ್ಟೇಜ್ 11ರ ಸುತ್ತಲೇ ನಿಂತು ಎಂಜಿನ್ ಮಾತ್ರ ಎಳೆದಾಡಿದರೆ ಬ್ಯಾಟರಿ ಚೆನ್ನಾಗಿದೆ, ಕರೆಂಟ್ ಸೆಲ್ಫ್ ಮೋಟಾರಿಗೆ ತಲುಪುತ್ತಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ (ಟರ್ಮಿನಲ್‌ನ ಸೀಸದ ಗೂಟ) ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.3 ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟ್‌ವರೆಗೆ 0.5ರ ಒಳಗಿರಬೇಕು. ಕಂಬದ ಮೇಲೆ ಇಡಿ ಅಂದದ್ದು ಬೇಕೆಂದೇ; ವೈರಿನ ತುದಿಯ ಕ್ಲ್ಯಾಂಪಿನ ಮೇಲೆ ಇಟ್ಟರೆ ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಕೂತ ಬಿಳಿ ಪುಡಿಯ ತೊಂದರೆ ಕಾಣುವುದೇ ಇಲ್ಲ.

ಎಂಜಿನ್ ಓಡುತ್ತಿರುವಾಗ ಟರ್ಮಿನಲ್‌ನಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿದಾಗಲೂ 13.5ಕ್ಕಿಂತ ಇಳಿಯಬಾರದು. ಇಳಿದರೆ ಬೆಲ್ಟ್ ಸಡಿಲವಾಗಿರಬಹುದು, ಡೈನಮೋ ಬ್ರಷ್ ಸವೆದಿರಬಹುದು. 15 ದಾಟಿದರೆ ಡೈನಮೋದ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಅದನ್ನು ಸರಿಮಾಡಿಸದೆ ಹೊಸ ಬ್ಯಾಟರಿ ಹಾಕಿದರೆ ಒಳಗಿನ ನೀರು ಕುದ್ದು ಆವಿಯಾಗುತ್ತದೆ.

ಕೊನೆಯದು ಕಳ್ಳ ಕರೆಂಟ್, ಅಂದರೆ ಗಾಡಿ ನಿಂತಿದ್ದಾಗಲೂ ಬ್ಯಾಟರಿಯಿಂದ ಸೋರುವ ಕರೆಂಟ್. ಕೀ ತೆಗೆದು, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಡಿ. ನೆಗೆಟಿವ್ ವೈರು ಬಿಚ್ಚಿ, ಮೀಟರನ್ನು 10 ಆಂಪಿಯರ್ ರೇಂಜಿಗೆ ಇಟ್ಟು, ಕಂಬಕ್ಕೂ ವೈರಿಗೂ ನಡುವೆ ಜೋಡಿಸಿ. ಜೋಡಿಸಿದ ಮೊದಲ ಕ್ಷಣದಲ್ಲಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮತ್ತೆ ಎಚ್ಚರಗೊಳ್ಳುತ್ತದೆ, ಕೆಲವು ನಿಮಿಷ ಕಾದು ಅಂಕಿ ಓದಿ. ಈ ಹೊತ್ತಿನಲ್ಲಿ ಕೀ ಮುಟ್ಟಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. 50 ಮಿಲಿಆಂಪ್‌ವರೆಗೆ ಪರವಾಗಿಲ್ಲ. ಆದರೂ ದಿನಕ್ಕೆ 1.2 ಎಎಚ್ ಹೋಗುತ್ತದೆ, ತಿಂಗಳು ನಿಂತರೆ 36. ಜಿಪಿಎಸ್, ಮ್ಯೂಸಿಕ್ ಸಿಸ್ಟಮ್‌ನ ಆಂಪ್ಲಿಫೈಯರ್, ಕ್ಯಾಬಿನ್ ದೀಪ ಸೇರಿ 200 ಮಿಲಿಆಂಪ್ ಎಳೆಯುತ್ತಿದ್ದರೆ ಒಂದೇ ವಾರಕ್ಕೆ 33 ಎಎಚ್‌ಗೂ ಹೆಚ್ಚು, ಅಂದರೆ 70 ಎಎಚ್ ಬ್ಯಾಟರಿಯ ಸುಮಾರು ಅರ್ಧ ಖಾಲಿ. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ. ಅಂಕಿ ದಪ್ಪೆಂದು ಇಳಿದ ಜಾಗದಲ್ಲೇ ಕಳ್ಳ ಸಿಗುತ್ತಾನೆ. ಫ್ಯೂಸ್ ಇಲ್ಲದೆ ನೇರ ಬ್ಯಾಟರಿಗೆ ಕಟ್ಟಿದ ವೈರುಗಳನ್ನು ಮಾತ್ರ ಕೈಯಿಂದಲೇ ಬಿಚ್ಚಿ ನೋಡಬೇಕು.

ಸ್ಟಾರ್ಟ್ ಮಾಡುವುದರಿಂದಲೇ ಬ್ಯಾಟರಿ ಖಾಲಿಯಾಗುತ್ತದೆ ಅನ್ನುವವರು ಈ ಲೆಕ್ಕ ನೋಡಲಿ. ಸೆಲ್ಫ್ ಮೋಟಾರ್ 250 ಆಂಪಿಯರ್‌ನಂತೆ ಮೂರು ಸೆಕೆಂಡ್ ಎಳೆದರೂ ಹೋಗುವುದು ಸುಮಾರು 0.2 ಎಎಚ್. ಅದನ್ನು ಡೈನಮೋ ಕೆಲವೇ ನಿಮಿಷದಲ್ಲಿ ವಾಪಸ್ ತುಂಬುತ್ತದೆ. ಬ್ಯಾಟರಿಯನ್ನು ಸಾಯಿಸುವುದು ಆ ಮೂರು ಸೆಕೆಂಡ್ ಅಲ್ಲ, ಅರ್ಧ ಖಾಲಿಯಾಗಿಯೇ ಕಳೆದ ವಾರಗಳು. ಹಾಗೆ ಬಿದ್ದಿದ್ದಾಗ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಕರಗುವುದಿಲ್ಲ.

ಇನ್ನೊಂದು ಮಾತು, ಕಾಮನ್ ರೈಲ್ ಎಂಜಿನ್ ಇರುವವರಿಗೆ. ಇಂಥ ಎಂಜಿನ್‌ನಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಒಂದೇ ಪೈಪು ಇರುತ್ತದೆ, ಅದೇ ರೈಲು. ಆ ರೈಲಿನಲ್ಲಿ ಸಾಕಷ್ಟು ಒತ್ತಡ ಬರುವವರೆಗೆ ಇಸಿಯು ಇಂಜೆಕ್ಟರ್ ತೆರೆಯುವುದಿಲ್ಲ. ಬ್ಯಾಟರಿ ಸುಸ್ತಾಗಿ ಎಂಜಿನ್ ನಿಧಾನವಾಗಿ ತಿರುಗಿದರೆ ಆ ಒತ್ತಡ ಬರುವುದಿಲ್ಲ. ಸೆಲ್ಫ್ ತಿರುಗುತ್ತಲೇ ಇರುತ್ತದೆ, ಗಾಡಿ ಹತ್ತುವುದಿಲ್ಲ. ಆಗ ಕೈ ಪಂಪಿಗೋ ಇಂಜೆಕ್ಟರಿಗೋ ಹೋಗುತ್ತದೆ, ಬಿಲ್ ಸಾವಿರಗಟ್ಟಲೆ ಆಗುತ್ತದೆ. ಮೊದಲು ವೋಲ್ಟೇಜ್ ನೋಡಿ.

ಅಂಗಡಿಯಲ್ಲಿ

ಬ್ಯಾಟರಿಯೇ ಹೋಗಿದೆ ಅಂತ ಖಚಿತವಾದರೆ, ಹಳೆಯದರ ಲೇಬಲ್, ಟ್ರೇ, ಟರ್ಮಿನಲ್ ಇರುವ ಬದಿ, ಈ ಮೂರರ ಫೋಟೋ ತೆಗೆದುಕೊಂಡು ಹೋಗಿ. ಬೊಲೆರೊ ಪಿಕಪ್‌ನಲ್ಲೇ ವರ್ಷದಿಂದ ವರ್ಷಕ್ಕೆ ಬೇರೆ ಬ್ಯಾಟರಿ ಬಂದಿದೆ. ಜೊತೆಗೆ ಹಿಂದಿನ ಮಾಲೀಕರು ಯಾವುದೋ ಹಾಕಿಸಿರಬಹುದು. ಆದ್ದರಿಂದ ಓನರ್ಸ್ ಮ್ಯಾನುಯಲ್‌ನ ಅಂಕಿಯನ್ನೂ ತಾಳೆ ನೋಡಿ.

ಲೇಬಲ್‌ನ ಕೋಡ್ ಎರಡು ಬಗೆ. 80ಡಿ26ಆರ್ ಅಂತ ಇದ್ದರೆ ಅದು ಜಪಾನಿ ಪದ್ಧತಿ. ಮೊದಲಿನ 80 ಸಾಮರ್ಥ್ಯದ ದರ್ಜೆ. ಅದು ಎಎಚ್ ಅಲ್ಲ, ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 'ಡಿ' ಅನ್ನುವುದು ಅಗಲ ಮತ್ತು ಎತ್ತರದ ಗುಂಪು, ಅಗಲ ಸುಮಾರು 17.3 ಸೆಂ.ಮೀ. 26 ಅನ್ನುವುದು ಉದ್ದ, ಸೆಂಟಿಮೀಟರ್‌ನಲ್ಲಿ. 31 ಅಂತಿದ್ದರೆ ಸುಮಾರು 30.5. ಕೊನೆಯ ಅಕ್ಷರ ಟರ್ಮಿನಲ್ ಯಾವ ಕಡೆ ಅಂತ. ಟರ್ಮಿನಲ್ ನಿಮ್ಮ ಹತ್ತಿರದ ಅಂಚಿಗೆ ಬರುವಂತೆ ಇಟ್ಟು ನೋಡಿದಾಗ 'ಎಲ್' ಬ್ಯಾಟರಿಯಲ್ಲಿ ಎಡಕ್ಕಿರುವುದು ನೆಗೆಟಿವ್, ಪಾಸಿಟಿವ್ ಬಲಕ್ಕೆ. 'ಆರ್' ಇದರ ಉಲ್ಟಾ. ಎಲ್ ಅಂದರೆ ಪಾಸಿಟಿವ್ ಎಡಕ್ಕೆ ಅಂತ ತಿಳಿದು ತಂದವರು ವೈರು ಕಂಬದವರೆಗೆ ಎಟುಕದೆ ವಾಪಸ್ ಹೋಗುತ್ತಾರೆ, ಅಥವಾ ಎಳೆದು ತಪ್ಪಾಗಿ ಸಿಕ್ಕಿಸಿ ಡೈನಮೋದ ಡಯೋಡುಗಳನ್ನು ಒಂದೇ ಕ್ಷಣದಲ್ಲಿ ಸುಡುತ್ತಾರೆ. ಅಕ್ಷರಕ್ಕಿಂತ ಕಣ್ಣನ್ನು ನಂಬಿ. ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ಸ್ವಲ್ಪ ದಪ್ಪ ಇರುತ್ತದೆ.

ಡಿಐಎನ್ 65ರಂಥ ಕೋಡ್ ಯುರೋಪಿನ ಪದ್ಧತಿ. ಇದರಲ್ಲಿ ಅಂಕಿ ಸುಮಾರಾಗಿ ಎಎಚ್ ಅನ್ನೇ ಹೇಳುತ್ತದೆ. ಬ್ಯಾಟರಿ ಗಿಡ್ಡ, ಕಂಬಗಳು ಮೇಲ್ಮೈಯಿಂದ ಒಳಗೆ ತಗ್ಗಿನಲ್ಲಿರುತ್ತವೆ, ಹಿಡಿಯುವ ಕ್ಲ್ಯಾಂಪ್ ಬುಡದ ಅಂಚಿಗೆ ಬೀಳುತ್ತದೆ. ಜಪಾನಿ ಬ್ಯಾಟರಿಗೆ ಮೇಲಿನಿಂದ ಪಟ್ಟಿ ಬೀಳುತ್ತದೆ. ಒಂದರ ಜಾಗಕ್ಕೆ ಇನ್ನೊಂದು ತಂದರೆ ಹಿಡಿತ ಕೂರುವುದಿಲ್ಲ. ಕೆಲವರು ಹಳೆಯ ಟ್ಯೂಬ್ ರಬ್ಬರಿನಲ್ಲಿ ಕಟ್ಟಿಕೊಂಡು ಓಡಿಸುತ್ತಾರೆ. ಹೊಲದ ದಾರಿಯಲ್ಲಿ ಅಲುಗಿ ಅಲುಗಿ ಪ್ಲೇಟಿನ ಮೇಲಿನ ಪುಡಿ ಉದುರಿ ತಳದಲ್ಲಿ ಕೂರುತ್ತದೆ, ಒಂದು ಸೆಲ್ ಶಾರ್ಟ್ ಆಗುತ್ತದೆ. ಆಗ 12.6 ಇದ್ದದ್ದು ಇದ್ದಕ್ಕಿದ್ದಂತೆ 10.5ಕ್ಕೆ ಬಂದು ನಿಲ್ಲುತ್ತದೆ. ಪಿಕಪ್ ಬ್ಯಾಟರಿಗೆ ಎಎಚ್‌ಗಿಂತ ಗಟ್ಟಿ ಹಿಡಿತ ಮುಖ್ಯ ಎಂದು ಹೇಳುವುದು ಇದಕ್ಕೇ.

ಎಎಚ್ ಎಷ್ಟು? ಕಂಪನಿ ಹೇಳಿದಷ್ಟು, ಅಥವಾ ಅದೇ ಅಳತೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಐದು ಹತ್ತು ಹೆಚ್ಚು. ದೊಡ್ಡ ಬ್ಯಾಟರಿ ಹಾಕಿದರೆ ಡೈನಮೋ ಸುಟ್ಟುಹೋಗುತ್ತದೆ ಅನ್ನುವುದು ಸುಳ್ಳು. ಸ್ಟಾರ್ಟಿಗೆ ಖರ್ಚಾದ 0.2 ಎಎಚ್ ಎರಡರಲ್ಲೂ ಒಂದೇ. ಆದರೆ ದೊಡ್ಡದು ಹಾಕಿದರೆ ಕಳ್ಳ ಕರೆಂಟ್ ಸಮಸ್ಯೆ ಬಗೆಹರಿಯುತ್ತದೆ ಅನ್ನುವುದೂ ಸುಳ್ಳು. ನಾಲ್ಕು ದಿನಕ್ಕೆ ಮಲಗುತ್ತಿದ್ದದ್ದು ಐದು ದಿನಕ್ಕೆ ಮಲಗುತ್ತದೆ, ಅಷ್ಟೇ. ಚಿಕ್ಕದು ಮಾತ್ರ ಬೇಡವೇ ಬೇಡ, ದುಡ್ಡು ಉಳಿಸಲು ಕಾರಿನ ಬ್ಯಾಟರಿ ಹಾಕುವುದು ಖಂಡಿತ ಬೇಡ. ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್‌ನ ಕಂಪ್ರೆಷನ್ ಬಹಳ ಹೆಚ್ಚು, ಮೇಲೆ ಸ್ಟಾರ್ಟಿಗೆ ಮುಂಚೆ ಎಂಜಿನ್ ಬಿಸಿಮಾಡುವ ಗ್ಲೋ ಪ್ಲಗ್‌ಗಳ ಹೊರೆ ಬೇರೆ.

ಸಿಸಿಎ ಅಂದರೆ ಚಳಿಯಲ್ಲಿ ಸೆಲ್ಫ್ ತಿರುಗಿಸಲು ಬ್ಯಾಟರಿ ಕೊಡಬಲ್ಲ ಕರೆಂಟ್. ಆ ಅಂಕಿಯನ್ನು ಅಳೆಯುವುದು ಮೈನಸ್ 18 ಡಿಗ್ರಿಯಲ್ಲಿ. ಅಂಥ ಚಳಿ ಮಡಿಕೇರಿಯಲ್ಲೂ ಇಲ್ಲ. ಆದರೂ ಹಳೆಯದರಲ್ಲಿ ಇದ್ದಷ್ಟಾದರೂ ಇರಲಿ, ಏಕೆಂದರೆ ಜೋರು ಕರೆಂಟ್ ಕೊಡುವ ತಾಕತ್ತು ಆ ಅಂಕಿಯಲ್ಲೇ ಕಾಣುವುದು. ಎರಡು ಬ್ರ್ಯಾಂಡ್ ಹೋಲಿಸುವಾಗ ಎರಡರಲ್ಲೂ ಒಂದೇ ಮಾನದಂಡ ಇದೆಯೇ ನೋಡಿ. ಎಸ್‌ಎಇ (ಅಮೆರಿಕದ ಮಾನದಂಡ) ಅಂಕಿಗೂ ಇಎನ್ (ಯುರೋಪಿನದು) ಅಂಕಿಗೂ ನೇರ ಹೋಲಿಕೆ ಆಗುವುದಿಲ್ಲ. ನೂರು ಸಿಸಿಎ ಹೆಚ್ಚಿದೆ ಅಂತ ರಾಯಚೂರಿನಲ್ಲಿ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಬ್ಯಾಟರಿಯ ಶತ್ರು ಬಿಸಿಲು. ತಾಪ ಹತ್ತು ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ ಅನ್ನುವುದು ಈ ಕಸುಬಿನ ಹಳೆಯ ಲೆಕ್ಕ. ಬ್ಯಾಟರಿಗೆ ಕಂಪನಿ ಕೊಟ್ಟ ಶಾಖದ ಹೊದಿಕೆ ಇದ್ದರೆ ಎಸೆಯಬೇಡಿ.

ಮೇಂಟೆನೆನ್ಸ್ ಫ್ರೀ ಬೇಕೋ, ನೀರು ಹಾಕುವಂಥದ್ದು ಬೇಕೋ? ತಿಂಗಳಿಗೊಮ್ಮೆ ಬಾನೆಟ್ ಎತ್ತುವವರಿಗೆ ಮುಚ್ಚಳ ತೆಗೆಯಲು ಬರುವಂಥದ್ದೇ ಮೇಲು. ಬಿಸಿಲು ನಾಡಿನಲ್ಲಿ ನೀರು ಇಳಿದದ್ದು ಕಾಣುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಿ ಸರಿಮಾಡಬಹುದು. ಎತ್ತದವರು ಸೀಲ್ಡ್ ತೆಗೆದುಕೊಳ್ಳಿ. ನೀರು ಪ್ಲೇಟುಗಳ ಮೇಲೆ 10ರಿಂದ 15 ಮಿ.ಮೀ. ನಿಂತರೆ ಸಾಕು. ಆಸಿಡ್ ಎಂದೂ ಹಾಕಬೇಡಿ. ಆವಿಯಾಗುವುದು ನೀರು ಮಾತ್ರ. ಸಿಗ್ನಲ್‌ನಲ್ಲಿ ತಾನೇ ನಿಂತು ತಾನೇ ಸ್ಟಾರ್ಟ್ ಆಗುವ ಗಾಡಿಗೆ ಕಂಪನಿ ಇಎಫ್‌ಬಿ ಬ್ಯಾಟರಿ (ಪದೇ ಪದೇ ಸ್ಟಾರ್ಟ್ ತಡೆಯುವಂಥದ್ದು) ಕೊಟ್ಟಿದ್ದರೆ ಮತ್ತೆ ಅದನ್ನೇ ಹಾಕಿ, ಸಾಮಾನ್ಯದ್ದು ಬೇಗ ಸೋಲುತ್ತದೆ.

ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ಅದು ಯಾವಾಗ ತಯಾರಾಯಿತು ಅನ್ನುವುದನ್ನು ಕೇಳಿ. ಎಕ್ಸೈಡ್ ಆಗಲಿ ಅಮರಾನ್ ಆಗಲಿ, ಕಪಾಟಿನಲ್ಲಿ ಕೂತಲ್ಲೇ ಚಾರ್ಜ್ ಇಳಿಯುತ್ತದೆ. ತಯಾರಾಗಿ ಮೂರು ತಿಂಗಳೊಳಗಿನದು ಹುಡುಕಿ, ಕೋಡ್ ಓದಲು ಬಾರದಿದ್ದರೆ ಅಂಗಡಿಯವರಿಂದಲೇ ಓದಿಸಿ ಬಿಲ್‌ನಲ್ಲಿ ಬರೆಸಿ. ಕೌಂಟರಿನ ಮೇಲೇ ಮೀಟರ್ ಹಚ್ಚಿ, 12.5ಕ್ಕಿಂತ ಕಡಿಮೆ ತೋರಿಸಿದರೆ ಬೇರೆ ಪೀಸ್ ಕೇಳಿ. ಹಳೆಯ ಪೆಟ್ಟಿಗೆಗೆ ಹೊಸ ಸ್ಟಿಕರ್ ಹಚ್ಚಿದ ರೀಕಂಡಿಷನ್ ಮಾಲು ಅರ್ಧ ಬೆಲೆಗೆ ಸಿಗುತ್ತದೆ. ಕಂಬದ ಮೇಲೆ ಕ್ಲ್ಯಾಂಪ್ ಕೂತ ಗೆರೆಗಳಿದ್ದರೆ ಅದು ಹಿಂದೆ ಯಾವುದೋ ಗಾಡಿಯಲ್ಲಿ ದುಡಿದದ್ದು.

ವಾರಂಟಿ ಕಾರ್ಡ್ ಓದದೆ ದುಡ್ಡು ಕೊಡಬೇಡಿ. ಇಷ್ಟು ತಿಂಗಳು ಉಚಿತ ಬದಲಿ, ಆಮೇಲಿನ ಇಷ್ಟು ತಿಂಗಳು ಬರೀ ರಿಯಾಯಿತಿ, ಎರಡನ್ನೂ ಕೂಡಿಸಿ ದೊಡ್ಡ ಅಂಕಿ ಹೇಳುವುದು ವಾಡಿಕೆ. ನಿಮಗೆ ಬೇಕಾದದ್ದು ಮೊದಲಿನ ಅಂಕಿ. ಹಳದಿ ಬೋರ್ಡ್ ಗಾಡಿಗೆ ಬಿಳಿ ಬೋರ್ಡಿಗಿಂತ ಕಡಿಮೆ ಅವಧಿ ಇರಬಹುದು. ಕಾರ್ಡಿನಲ್ಲಿ ನಿಮ್ಮ ಗಾಡಿ ನಂಬರ್, ವಾಹನದ ಬಗೆ ಸರಿಯಾಗಿ ಬರೆಸಿ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು ಸೀಸದ ಬೆಲೆ ಬಿಲ್‌ನಲ್ಲಿ ಕಳೆಸಿ.

ಬ್ಯಾಟರಿ ಎರಡಿದ್ದರೆ ಎರಡನ್ನೂ ಒಟ್ಟಿಗೇ, ಒಂದೇ ಬ್ರ್ಯಾಂಡಿನ ಒಂದೇ ತಿಂಗಳಿನವು ಬದಲಿಸಿ. ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಎರಡು ಸಮಾಂತರವಾಗಿ ಸೇರಿ 12 ವೋಲ್ಟ್, ನಮ್ಮ ಭಾರೀ ಟಿಪ್ಪರ್‌ಗಳಲ್ಲಿ ಸಾಲಾಗಿ ಸೇರಿ 24. ಯಾವ ಜೋಡಿಯಲ್ಲಾದರೂ ಮುದಿಯದು ಹೊಸದನ್ನೂ ಎಳೆದುಕೊಂಡು ಹೋಗುತ್ತದೆ. 24 ವೋಲ್ಟಿನ ಲಾರಿಯಿಂದ ಪಿಕಪ್‌ಗೆ ಜಂಪ್ ಕೊಡಬೇಡಿ, ಇಸಿಯು ಸುಡುತ್ತದೆ.

ಕೂರಿಸುವಾಗ

ಕೀ ತೆಗೆದು ಐದು ನಿಮಿಷ ಕಾಯಿರಿ. ಡಿಇಎಫ್ (ಹೊಗೆ ಶುದ್ಧಮಾಡಲು ಹಾಕುವ ಯೂರಿಯಾ ದ್ರವ) ಇರುವ ಬಿಎಸ್6 ಗಾಡಿಗಳಲ್ಲಿ ಪಂಪ್ ತನ್ನ ಪೈಪು ಖಾಲಿ ಮಾಡಿಕೊಳ್ಳಲು ಈ ಸಮಯ ಬೇಕು. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಪಾಸಿಟಿವ್ ಬಿಚ್ಚುತ್ತಿರುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಬಳಿಯಲ್ಲಿ ಬೀಡಿ ಬೇಡ, ಬ್ಯಾಟರಿಯಿಂದ ಬರುವುದು ಹೈಡ್ರೋಜನ್.

ಟ್ರೇಯನ್ನು ಅಡುಗೆ ಸೋಡ ಕಲೆಸಿದ ನೀರಿನಲ್ಲಿ ತೊಳೆದು ಒಣಗಿಸಿ. ಕ್ಲ್ಯಾಂಪಿನ ಒಳಮೈ ಮರಳು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ. ಕ್ಲ್ಯಾಂಪ್ ಇಳಿಯದಿದ್ದರೆ ಸ್ಕ್ರೂಡ್ರೈವರಿನಿಂದ ಅಗಲಿಸಿ, ಸುತ್ತಿಗೆಯಲ್ಲಿ ಹೊಡೆಯಬೇಡಿ. ಕಂಬದ ಬುಡದ ಸೀಲ್ ಬಿರಿದು ಅಲ್ಲಿಂದ ಆಸಿಡ್ ಜಿನುಗುತ್ತದೆ. ನಟ್ ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಹಿಡಿತದ ಪಟ್ಟಿ ಬಿಗಿದು ಬ್ಯಾಟರಿಯನ್ನು ಕೈಯಲ್ಲಿ ಅಲುಗಿಸಿ ನೋಡಿ, ಗಾಡಿಯೇ ಅಲುಗಬೇಕು, ಬ್ಯಾಟರಿಯಲ್ಲ. ಡೈನಮೋ ಚಾರ್ಜ್ ಮಾಡುತ್ತಿದೆಯೇ ನೋಡೋಣ ಅಂತ ಓಡುವ ಎಂಜಿನ್‌ನಲ್ಲಿ ಟರ್ಮಿನಲ್ ಕೀಳುವ ಹಳೆಯ ಪರೀಕ್ಷೆ ಬೇಡ, ಆ ಕ್ಷಣಕ್ಕೆ ಏರುವ ವೋಲ್ಟೇಜ್ ಇಸಿಯು ಮೇಲೆ ಬೀಳುತ್ತದೆ.

ಒಂದು ವಾರ ಬಿಟ್ಟು ಬೆಳಿಗ್ಗೆ ಮತ್ತೆ ಮೀಟರ್ ಹಚ್ಚಿ. 12.5ಕ್ಕಿಂತ ಕೆಳಗಿದ್ದರೆ ಕಳ್ಳ ಕರೆಂಟ್ ಇನ್ನೂ ಗಾಡಿಯಲ್ಲೇ ಇರಬಹುದು, ಇಲ್ಲವೇ ಡೈನಮೋ ಸರಿಯಾಗಿ ತುಂಬಿಸುತ್ತಿರಲಿಕ್ಕಿಲ್ಲ.